ಆ ಕಡೆಯ ಗೋಕಾಕ

“ಕುತ್ತಿಗಿ ಹಿಡೀರಲೇ, ಕುತ್ತಿಗಿ! ಮತ್ತ ಎಡಕ್ಕ ವಾಲಾಕತ್ತೈತಿ!” ಎಂದು ಬಸವಲಿಂಗ ಕೂಗಿದ.

ಇಬ್ಬರು ಓಡಿಬಂದು ದುಂಡಪ್ಪನ ಹೆಗಲು ಹಿಡಿದರು. ಹೆಣವನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ತಲೆಗೆ ಬಿಳಿ ರುಮಾಲು ಸುತ್ತಿದ್ದರು. ಮನೆಯಲ್ಲಿ ಕೂತಂತೆಯೇ ಮಣ್ಣಿನಲ್ಲೂ ಕೂರಬೇಕು, ಅದು ಅವರ ಪದ್ಧತಿ. ಆದರೆ ಈ ಹೆಣಕ್ಕೆ ಕೂರುವ ಮನಸ್ಸೇ ಇದ್ದಂತಿರಲಿಲ್ಲ. ಬೆಳಿಗ್ಗೆಯಿಂದ ಎಷ್ಟು ಸಲ ನೆಟ್ಟಗೆ ಮಾಡಿದರೂ ಎಡಕ್ಕೇ ಹೊರಳುತ್ತಿತ್ತು.

“ಇದ್ದಾಗ ಎಡಗೈ, ಹ್ವಾದ ಮ್ಯಾಲೂ ಎಡಕ್ಕ. ಈತನ ಹಟಾ ಇನ್ನೂ ಇಳದಿಲ್ಲ ನೋಡ್ರವ್ವಾ,” ಎಂದು ಹೆಂಡತಿ ಯಮನವ್ವ ಅಳುತ್ತಲೇ ಬೈದಳು. ಬಾಜೂ ಕೂತಿದ್ದ ಹೆಂಗಸರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಬಸವಲಿಂಗ ದುಂಡಪ್ಪನ ತಮ್ಮ. ಮೇಲವಂಕಿಯ ಹೊಲದಲ್ಲಿ ಅಪ್ಪನ ಸಮಾಧಿಯ ಪಕ್ಕದಲ್ಲೇ ಕುಣಿ ತೋಡಿಸಿ, ಬೆಳಕು ಹರಿಯುವ ಮೊದಲೇ ಗೋಕಾಕಿಗೆ ಬಂದಿದ್ದ. ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹೆಣ ಕೂರಿಸುವ ಹೂವಿನ ವಿಮಾನ ಕಟ್ಟಿದ ಟ್ರ್ಯಾಕ್ಟರ್ ಇನ್ನೂ ಬಂದಿಲ್ಲ. ಹುಕ್ಕೇರಿಯಿಂದ ಹೊರಟ ದುಂಡಪ್ಪನ ಮಗಳು ದಾನೇಶ್ವರಿ ಘಟಪ್ರಭಾದ ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡಿದ್ದಾಳೆ. ಮಣ್ಣು ಮಾಡಿಸಲು ಮೂಡಲಗಿಯಿಂದ ಬಂದ ಅಯ್ಯನವರು ಮೇಲಿಂದ ಮೇಲೆ ಮೊಬೈಲು ತೆಗೆದು ನೋಡುತ್ತಿದ್ದಾರೆ. ಅರಭಾವಿಯಲ್ಲಿ ಇನ್ನೊಂದು ಮಣ್ಣು ಅವರಿಗಾಗಿ ಕಾದಿದೆ. ಇದೆಲ್ಲ ಸಾಲದೆಂಬಂತೆ, ಎದುರಿನ ಫ್ಲೆಕ್ಸ್ ಅಂಗಡಿಯ ಮುಂದೆ ಬಾಬಾಜಾನ ನಿಂತಿದ್ದಾನೆ!

“ಆಂವ ಈ ಕಡಿ ದಾಟಿದಾ ಅಂದ್ರ ನನ್ನ ಕರೀರಿ,” ಎಂದು ಬಸವಲಿಂಗ ಬಾಗಿಲಲ್ಲಿದ್ದವರಿಗೆ ಹೇಳಿದ. “ನಮ್ಮಣ್ಣನ ಮಾತು ನಮ್ಮಣ್ಣನ ಮಾತು. ‘ನನ್ನ ಮಣ್ಣಿಗೂ ಬರಬ್ಯಾಡ’ ಅಂದಾನ. ಓಣಿ ಮಂದೀನ ಕೇಳೈತಿ.”

ಓಣಿಯ ಮಂದಿ ಕೇಳಿದ್ದು ನಿಜ. ಸತ್ತವನು ಆಡಿದ ಅಂಥ ಮಾತನ್ನು ಮೀರುವ ಧೈರ್ಯ ಯಾರಿಗಿದೆ? ಬಾಬಾಜಾನನಿಗೂ ಇರಲಿಲ್ಲ. ಅಂಗಡಿಯ ಶಟರ್ ಅರ್ಧ ಇಳಿಸಿದ್ದ, ಮತ್ತೆ ಏರಿಸಿದ, ಮತ್ತೆ ಇಳಿಸಿದ. ಒಳಗೆ ಹೋಗಿ ನೀರು ಕುಡಿದು ಬಂದ. ಗೆಳೆಯನಿಗೆ ಒಂದು ಹಿಡಿ ಮಣ್ಣು ಹಾಕಬೇಕು, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಅದು ಸಿಗದಿದ್ದರೆ ಇನ್ನು ಮುಂದೆ ಈ ಓಣಿಯಲ್ಲಿ ಹೇಗೆ ಇರುವುದು ಎಂಬುದು ಅವನಿಗೆ ಹೊಳೆಯುತ್ತಿರಲಿಲ್ಲ.

“ಹೋಗೂದಿದ್ರ ಹೋಗ್ರಿ, ಬಿಡೂದಿದ್ರ ಬಿಡ್ರಿ,” ಎಂದಳು ಹೆಂಡತಿ ಮೈನಾಬಿ. “ಹಿಂಗ ಅಡ್ಡಾಡಿ ಚಪ್ಪಲಿ ಯಾಕ ಸವಸಾಕತ್ತೀರಿ?”

“ಬ್ಯಾಡ ಅಂದಾನಲ್ಲ.”

“ಸಿಟ್ಟಿನಾಗ ಅಂದಾನ.”

“ಸಿಟ್ಟಿನಾಗ ಅಂದದ್ದs ಖರೆ ಇರ್ತೈತಿ,” ಎಂದು ಬಾಬಾಜಾನ ಮತ್ತೆ ಶಟರಿಗೆ ಕೈ ಹಾಕಿದ.

*

ಮೊಬೈಲು ಇಲ್ಲದ ಕಾಲದಲ್ಲಿ ಇಬ್ಬರೂ ಕೂಡಿ ಬೋರ್ಡು ಬರೆಯುವ ಅಂಗಡಿ ಇಟ್ಟಿದ್ದರು. ದುಂಡಪ್ಪ ಎಡಚ. ಸಾಲೆಯಲ್ಲಿ ಮಾಸ್ತರರು ಎಡಗೈ ಬೆರಳಿನ ಗಂಟಿಗೆ ರೂಳುಗೋಲಿನಿಂದ ಹೊಡೆದೂ ಹೊಡೆದೂ ಸೋತಿದ್ದರು. ಕುಂಚವೂ ಎಡಗೈಗೇ ಬಂತು. ಆದರೆ ಹೊಸ ಅಂಗಡಿ ತೆರೆಯುವ ಸಾವಕಾರರು ಕೇಳಬೇಕಲ್ಲ! “ಏ ಮಾರಾಯಾ, ಮೊದಲನೇ ಶ್ರೀ ಆದ್ರೂ ಬಲಗೈಲೆ ಬರೀಪಾ,” ಎನ್ನುತ್ತಿದ್ದರು. ದುಂಡಪ್ಪ ಹಲ್ಲು ಕಚ್ಚಿ ಬಲಗೈಯಲ್ಲಿ ಶ್ರೀ ಬರೆಯುತ್ತಿದ್ದ. ಮುಂದಿನದನ್ನೆಲ್ಲ ಎಡಗೈಯಲ್ಲಿ. ಹಾಗಾಗಿ ಗೋಕಾಕ ಪೇಟೆಯ ಬೋರ್ಡುಗಳಲ್ಲಿ ಉಳಿದ ಅಕ್ಷರಗಳೆಲ್ಲ ಮುತ್ತು ಪೋಣಿಸಿದಂತಿದ್ದು, ಶ್ರೀ ಒಂದೇ ಕುಡಿದು ಬಂದವರ ಹಾಗೆ ಸೊಟ್ಟಗೆ ನಿಂತಿರುತ್ತಿತ್ತು. ಸೊಟ್ಟ ಶ್ರೀ ಕಂಡರೆ ಅದು ದುಂಡಪ್ಪನ ಬೋರ್ಡು.

ಕೆಲಸವಿಲ್ಲದ ಮಳೆಗಾಲದಲ್ಲಿ ಇಬ್ಬರೂ ಚಿತ್ರಕತೆಯ ಪುಸ್ತಕ ಮಾಡಿದರು. ದುಂಡಪ್ಪನ ಚಿತ್ರ, ಬಾಬಾಜಾನನ ಮಾತು, ಬಣ್ಣ ತುಂಬಲು ಯಮನವ್ವ. ಮೂಡಲಗಿಯಲ್ಲಿ ಲಗ್ನಪತ್ರಿಕೆ ಅಚ್ಚುಹಾಕುವ ಒಂದು ಪ್ರೆಸ್ಸಿನವನು ಛಾಪಿಸಿಕೊಟ್ಟ. ‘ಧಬಧಬಿ ಪಡೆ’ ಅದರ ಹೆಸರು; ಧಬಧಬಿ ಎಂದರೆ ಗೋಕಾಕದ ಜಲಪಾತ. ಸಿಡಿಲನ್ನು ಬಲಮುಷ್ಟಿಯಲ್ಲಿ ಹಿಡಿಯುವ ಸಿಡಿಲಪ್ಪನಿಗೆ ದುಂಡಪ್ಪನ ಮುಖ. ಗುಂಡು ತಾಕಿದರೂ ಠಣ್ ಎನ್ನುವ ಕಬ್ಬಿಣದ ಎದೆಯ ಕಾಸೀಮನಿಗೆ ಬಾಬಾಜಾನನ ಮುಖ. ಕಚ್ಚೆ ಹಾಕಿ ಗಾಳಿಯ ಮೇಲೆ ಓಡುವ ಗಂಗವ್ವನಿಗೆ ಯಾರ ಮುಖ ಎಂದು ಹೇಳಬೇಕಿಲ್ಲ. ಯಮನವ್ವ ಅವಳ ಸೀರೆಗೆ ಮಾತ್ರ ಒಳ್ಳೆಯ ಬಣ್ಣ ಎತ್ತಿಡುತ್ತಿದ್ದಳು.

ಗೋಕಾಕದ ಬಸ್ ನಿಲ್ದಾಣದಲ್ಲಿ, ಹುಕ್ಕೇರಿಯ ಸಾಲೆಗಳ ಮುಂದೆ ಹುಡುಗರು ಅದಕ್ಕೆ ಮುಗಿಬಿದ್ದರು. ಕಡೆಯ ಸಂಚಿಕೆಯಲ್ಲಿ ಪಡೆಯವರು ಜಲಪಾತದ ನೀರಿನ ಹಿಂದಿನಿಂದ ತೂರಿ ಇನ್ನೊಂದು ಗೋಕಾಕಿಗೆ ಹೋದರು. ಅದೇ ಪೇಟೆ, ಅದೇ ಕರದಂಟಿನ ಅಂಗಡಿ, ಅವರದೇ ಮುಖದ ಇನ್ನೊಂದು ಪಡೆ. ಧಬಧಬಿ ನಮ್ಮದು ಎಂದು ಇವರು, ನಮ್ಮದು ಎಂದು ಅವರು. ತೂಗುಸೇತುವೆಯ ಮೇಲೆ ಎರಡೂ ಪಡೆ ಎದುರುಬದುರಾದವು. ಈ ಸಿಡಿಲಪ್ಪನ ಬಲಗೈಯಲ್ಲಿ ಸಿಡಿಲು, ಆ ಸಿಡಿಲಪ್ಪನ ಎಡಗೈಯಲ್ಲಿ.

“ಆ ಕಡಿ ಗೋಕಾಕದಾಗ ಎಲ್ಲಾರೂ ಎಡಚರು,” ಎಂದಿದ್ದ ದುಂಡಪ್ಪ, ಪೆನ್ಸಿಲ್ ಚೂಪು ಮಾಡುತ್ತ. “ಅಲ್ಲಿ ಬಲಗೈಲೆ ಬರದವರಿಗೆ ಮಾಸ್ತರು ಹೊಡೀತಾರ.”

ಬಾಬಾಜಾನ ಹೊಟ್ಟೆ ಹಿಡಿದು ನಕ್ಕಿದ್ದ. “ಹಂಗಾದ್ರ ಅಲ್ಲಿ ನಾ ದಡ್ಡ, ನೀ ಶ್ಯಾಣ್ಯಾ. ಆತು, ಈಗ ಇಬ್ಬರನ್ನೂ ಹೊಡದಾಡಸು.”

ದುಂಡಪ್ಪ ಹೊಡೆದಾಡಿಸಲೇ ಇಲ್ಲ. ಬರೆದ, ಹರಿದ, ಮತ್ತೆ ಬರೆದ. “ಯಾರ್ನ ಹೊಡೀಲಿ? ಆಂವನೂ ನಾನs ಅಲ್ಲೇನು?” ಎನ್ನುತ್ತಿದ್ದ. ಮುಂದಿನ ಸಂಚಿಕೆ ಬರಲೇ ಇಲ್ಲ.

*

“ಕೊನೀಗೆ ಯಾರು ಗೆದ್ರೋ ಏನೋ,” ಎಂದ ಚಹಾದ ಅಂಗಡಿಯ ಕೆಂಚಪ್ಪ, ಕಟ್ಟೆಯ ಮೇಲೆ ಕೂತಲ್ಲೇ ಮಿಸುಕಾಡುತ್ತ. ಈಗ ಹೊಟ್ಟೆ ಬಂದಿದೆ, ತಲೆ ನೆರೆತಿದೆ. ಆದರೆ ಆ ಸೇತುವೆಯ ಚಿತ್ರ ಅವನಿಗೆ ಇನ್ನೂ ಬಾಯಿಪಾಠ.

“ನಮ್ಮ ಸಿಡಿಲಪ್ಪನs ಗೆದ್ದಿರ್ತಾನ,” ಎಂದ ಸಾಲೆಯ ಮಾಸ್ತರ ರಾಹುಲ.

“ಅದೆಂಗ? ಎಡಗೈ ಹೊಡತಾ ತಡಕೊಳ್ಳಾಕ ಆಗೂದಿಲ್ರಿ ಮಾಸ್ತರ. ಎಲ್ಲಿಂದ ಬರ್ತೈತಿ ತಿಳಿಯೂದಿಲ್ಲ.”

“ಲೇ, ಹೆಣದ ಮುಂದ ಕುಂತು ಏನ್ ಮಾತಾಡಾಕತ್ತೀರಿ!” ಎಂದು ಬಸವಲಿಂಗ ರೇಗಿದ. ಆಮೇಲೆ ದನಿ ತಗ್ಗಿಸಿ, “ನಾನೂ ಭಾಳ ಸಲ ಕೇಳ್ದೆ. ನಮ್ಮಣ್ಣ ನನಗೂ ಹೇಳಲಿಲ್ಲ,” ಎಂದ.

ಅಷ್ಟರಲ್ಲಿ ದಾನೇಶ್ವರಿ ಬಂದಳು. ಆಟೋದಿಂದ ಇಳಿದವಳು ಮೊದಲು ಅಪ್ಪನ ಎಡಗೈ ಹಿಡಿದುಕೊಂಡು, ಉಗುರಿನ ಸಂದಿಯಲ್ಲಿ ಉಳಿದಿದ್ದ ನೀಲಿ ಬಣ್ಣ ನೋಡಿ ಚೀರಿ ಅತ್ತಳು. ನಿನ್ನೆ ಸಂಜೆ ಧುಪದಾಳದಲ್ಲಿ ಟ್ರ್ಯಾಕ್ಟರಿನ ಟ್ರೇಲರಿಗೆ ಹೆಸರು ಬರೆಯುತ್ತಿದ್ದವನು, ಉಸ್ಸಪ್ಪಾ ಎಂದು ನೆಲದ ಮೇಲೆ ಕೂತವನು, ಏಳಲೇ ಇಲ್ಲ. ಸ್ನಾನ ಮಾಡಿಸಿದವರು ಎಷ್ಟು ತಿಕ್ಕಿದರೂ ಆ ನೀಲಿ ಹೋಗಿರಲಿಲ್ಲ.

ಟ್ರ್ಯಾಕ್ಟರೂ ಬಂತು. ವಿಮಾನದಲ್ಲಿ ಕೂರಿಸಿ, ಭಜನೆಯವರು ತಾಳ ಎತ್ತಿಕೊಂಡು ಹೊರಟಾಗ ದಾನೇಶ್ವರಿ ಎದುರಿನ ಅಂಗಡಿ ನೋಡಿದಳು.

“ಕಾಕಾ ಬರಂಗಿಲ್ಲೇನು?”

“ಬರಂಗಿಲ್ಲ,” ಎಂದ ಬಸವಲಿಂಗ.

ಟ್ರ್ಯಾಕ್ಟರು ಓಣಿಯ ತಿರುವು ದಾಟಿದ ಮೇಲೆ ಬಾಬಾಜಾನ ಸ್ಕೂಟರಿನ ಕಿಕ್ ಒದ್ದ. ಅದು ಹತ್ತಲಿಲ್ಲ. ಮತ್ತೆ ಮತ್ತೆ ಒದ್ದ.

*

ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಸುವವರು ಕಡಿಮೆಯಾದರು. ಬಾಬಾಜಾನ ಯಂತ್ರ ತಂದ. ತರುವ ದಿನವೇ ಹೇಳಿದ್ದ, “ಇಬ್ಬರದೂ ಅಂಗಡಿ. ನೀ ಕಂಪ್ಯೂಟರ್ ಮುಂದ ಕುಂದ್ರು. ನಿನ್ನ ಕೈಯಾಗಿನ ಚಿತ್ರ ಅದರಾಗ ಬರಲಿ.”

ದುಂಡಪ್ಪ ಬಂದ. ಅದೂ ಹೊಸ ಅಂಗಿ ಹಾಕಿಕೊಂಡು. ಅಂಗಡಿಯ ತುಂಬ ಗಿರಾಕಿಗಳು. ಕುರ್ಚಿಯಲ್ಲಿ ಕೂತು, ಮೌಸನ್ನು ಎತ್ತಿ ಎಡಗಡೆ ಇಟ್ಟುಕೊಂಡ. ಬಾಣದ ಗುರುತು ಪರದೆಯ ತುಂಬ ಹುಚ್ಚುಚ್ಚಾಗಿ ಓಡಾಡಿತು. ಗಿರಾಕಿಗಳು ನಕ್ಕರು.

ಬಾಬಾಜಾನನಿಗೆ ಅವಸರವಿತ್ತು. ಮದುವೆಯ ಬ್ಯಾನರು ಸಂಜೆಗೆ ಕೊಡಬೇಕಿತ್ತು.

“ಬಲಗೈಲೆ ಹಿಡಿಯೋ ಮಾರಾಯಾ!” ಎಂದುಬಿಟ್ಟ.

ಹೇಳಿದ್ದು ಅಷ್ಟೇ. ಮಾಸ್ತರರು ಹೇಳಿದ್ದರು, ಸಾವಕಾರರು ಹೇಳಿದ್ದರು, ಊಟಕ್ಕೆ ಕರೆದವರು ಹೇಳಿದ್ದರು. ಬಾಬಾಜಾನ ಒಬ್ಬ ಮಾತ್ರ ಆವರೆಗೆ ಒಂದು ದಿನವೂ ಆ ಮಾತು ಹೇಳಿರಲಿಲ್ಲ. ದುಂಡಪ್ಪ ಎದ್ದು ನಿಂತ. ಮುಖ ಬಿಳುಚಿತ್ತು.

“ನೀನೂ ಅಂದಿ,” ಎಂದ. ಬೀದಿಗಿಳಿದು, ತಿರುಗಿ, ಓಣಿಗೆಲ್ಲ ಕೇಳುವಂತೆ ಕೂಗಿದ: “ನಾ ಸತ್ರ ನನ್ನ ಮಣ್ಣಿಗೂ ಬರಬ್ಯಾಡ ನೀ!”

ಆಮೇಲೆ ಎದುರುಬದುರಿದ್ದೂ ಮಾತಿಲ್ಲ. ಬಾಬಾಜಾನ ಈದಿಗೆ ಸುರಕುಂಬಾ ಪಾಯಸ ಕಳಿಸಿದರೆ ಯಮನವ್ವ ಪಾತ್ರೆ ತೊಳೆದು, ಬರಿದು ಕಳಿಸಬಾರದೆಂದು ಹೋಳಿಗೆ ಇಟ್ಟು ಕಳಿಸುತ್ತಿದ್ದಳು. ಹೆಂಗಸರ ಪಾತ್ರೆಗಳು ಓಡಾಡಿದವು, ಗಂಡಸರು ಓಡಾಡಲಿಲ್ಲ.

*

ಮೇಲವಂಕಿಯ ಹೊಲದಲ್ಲಿ ಹೊತ್ತು ಪಡುವಣಕ್ಕೆ ಇಳಿಯುತ್ತಿತ್ತು. ಕುಣಿಯೊಳಗಿನ ಗವಿಯಲ್ಲಿ ದುಂಡಪ್ಪನನ್ನು ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಸುತ್ತ ಪತ್ರಿ ಮತ್ತು ವಿಭೂತಿ ತುಂಬಿದ್ದರು. ಅಲ್ಲಿಯೂ ಅವನು ನೆಟ್ಟಗಿರಲಿಲ್ಲ. ಕೊನೆಗೆ ಇಳಿದವರೇ ಸೋತು ಎಡಕ್ಕೆ ಆನಿಸಿ ಬಿಟ್ಟರು.

“ಲಗೂನ ಮಣ್ಣು ಕೊಡ್ರಿ,” ಎಂದರು ಅಯ್ಯನವರು.

ಮಗಳು ಕೊಟ್ಟಳು, ತಮ್ಮ ಕೊಟ್ಟ, ಕೆಂಚಪ್ಪ, ರಾಹುಲ ಕೊಟ್ಟರು. ಆಗ ಕಬ್ಬಿನ ಬದುವಿನಿಂದ ಬಾಬಾಜಾನ ಬರುವುದು ಕಂಡಿತು. ಸ್ಕೂಟರು ದಾರಿಯಲ್ಲೇ ಕೈಕೊಟ್ಟಿತ್ತೋ ಏನೋ, ನಡೆದೇ ಬಂದಿದ್ದ. ಬೆವರಿಗೆ ಅಂಗಿ ಬೆನ್ನಿಗಂಟಿತ್ತು. ಬಲಗೈ ಮುಚ್ಚಿತ್ತು. ಬದುವಿನಲ್ಲೇ ಮಣ್ಣು ಎತ್ತಿಕೊಂಡು ಬಂದಿದ್ದ, ಇಲ್ಲಿ ಎತ್ತಲು ಬಿಡುತ್ತಾರೋ ಇಲ್ಲವೋ ಎಂದು.

ಬಸವಲಿಂಗ ಅಡ್ಡ ನಿಂತ. “ಬಾಬಾಜಾನ ಭಾವು, ಅಲ್ಲೇ ನಿಂದರ್ರಿ. ನನಗ ನಿಮ್ಮ ಮ್ಯಾಲೆ ಏನೂ ಇಲ್ಲ. ಆದ್ರ ಸತ್ತಾಂವನ ಮಾತು ಹೆಂಗ ಮೀರಲಿ?”

“ಒಂದs ಹಿಡಿ, ಬಸೂ.”

“ಅದನ್ನs ಆಂವ ಬ್ಯಾಡ ಅಂದಾನ.”

ಬಾಬಾಜಾನ ಬಾಯಿ ತೆರೆದ. ಆ ಪುಸ್ತಕದಲ್ಲಿ ಎಲ್ಲರ ಬಾಯಿಗೂ ಮಾತು ಕೊಟ್ಟವನು ಅವನೇ. ಈಗ ತನ್ನ ಬಾಯಿಗೊಂದು ಮಾತು ಸಿಗಲಿಲ್ಲ. ಮೂಗು ಸೋರುತ್ತಿತ್ತು, ಸಣ್ಣ ಹುಡುಗರಿಗೆ ಸೋರುವ ಹಾಗೆ. ತಿರುಗಿ ಹೋಗಲು ಹೆಜ್ಜೆ ಎತ್ತಿದ.

“ಬಸೂ,” ಎಂದಳು ಯಮನವ್ವ. ಕುಣಿಯ ಅಂಚಿನಿಂದ ಏಳದೆಯೇ ಮಾತಾಡಿದಳು. “ನಿಮ್ಮಣ್ಣ ಬರಬ್ಯಾಡ ಅಂದದ್ದು ಯಾರಿಗೆ?”

“ಯಾರಿಗೆ ಅಂದ್ರ? ಬಾಬಾಜಾನಗ.”

“ಯಾವ ಬಾಬಾಜಾನಗ? ಈ ಕಡಿ ಗೋಕಾಕದಾಂವಗ. ಬಲಗೈಲೆ ಹಿಡಿ ಅಂದಾಂವಗ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಆ ಕಡಿ ಗೋಕಾಕದಾಂವಗ ಏನೂ ಅಂದಿಲ್ಲಲ್ಲ. ಆಂವ ಬಂದಿದ್ರ ಬರಲಿ.”

“ವೈನೀ, ಏನ್ ಹುಚ್ಚು ಮಾತಾಡ್ತಿ...”

“ಹುಚ್ಚs. ಆ ಹುಚ್ಚಿಗೆ ಬಣ್ಣಾ ತುಂಬಿದಾಕಿ ನಾನು.”

ಕೆಂಚಪ್ಪ ರಾಹುಲನ ಮುಖ ನೋಡಿದ. ಬಸವಲಿಂಗ ಕುಣಿಯೊಳಗಿನ ಅಣ್ಣನನ್ನು ನೋಡಿದ, ಬಾಬಾಜಾನನನ್ನು ನೋಡಿದ. ಆಮೇಲೆ ನಿಧಾನವಾಗಿ ಒಂದು ಪಕ್ಕಕ್ಕೆ ಸರಿದ.

ಬಾಬಾಜಾನ ಕುಣಿಯ ಬಳಿ ಬಂದು ಮಂಡಿಯೂರಿದ. ಬಲಗೈ ಚಾಚಿದವನು ಅದನ್ನು ಹಿಂದಕ್ಕೆಳೆದುಕೊಂಡ. ಮುಷ್ಟಿ ಬಿಚ್ಚಿ, ಆ ಮಣ್ಣನ್ನು ಎಡಗೈಗೆ ಸುರಿದುಕೊಂಡ.

“ಶಿವ ಶಿವಾ! ಎಡಗೈಲೆ ಮಣ್ಣೇನ್ರಿ?” ಅಯ್ಯನವರು ಗಾಬರಿಯಾದರು.

“ಅಯ್ಯನವರ, ಸುಮ್ನಿರ್ರಿ,” ಎಂದಳು ಯಮನವ್ವ.

ಆ ಎಡಗೈಗೆ ಇಷ್ಟು ವರ್ಷದಲ್ಲಿ ಯಾವ ಕೆಲಸದ ರೂಢಿಯೂ ಇರಲಿಲ್ಲ. ಮಣಿಕಟ್ಟು ಬೇಡದ ಕಡೆಗೆ ತಿರುಗಿ, ಅರ್ಧ ಮಣ್ಣು ಅಂಚಿನಲ್ಲೇ ಚೆಲ್ಲಿತು. ಉಳಿದದ್ದು ವಿಭೂತಿಯ ಬಿಳುಪಿನ ಮೇಲೆ ಗೀಟು ಎಳೆದಂತೆ ಇಳಿದು, ಅತ್ತ ಇತ್ತ ಹೊರಳಿ, ದುಂಡಪ್ಪನ ಎಡಮೊಣಕಾಲಿನ ಹತ್ತಿರ ಸುತ್ತಿಕೊಂಡು ನಿಂತಿತು. ಪೇಟೆಯ ಹಳೆಯ ಬೋರ್ಡುಗಳ ಶ್ರೀ ಎಷ್ಟು ಸೊಟ್ಟಗಿತ್ತೋ ಅಷ್ಟೇ ಸೊಟ್ಟಗೆ.