ಮುದುಕವ್ವ ಆಡಿದ ಮಾತು

ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಟಿ. ದಾಸರಹಳ್ಳಿಯ ಕೊಟ್ರಪ್ಪನವರಿಗೆ ಒಂದು ಹುಚ್ಚು ಹಿಡಿಯಿತು. ತಮ್ಮ ಕಟ್ಟಡದ ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡದೆ, ಗೋಡೆಗೆ ಬಿಳಿ ಬಣ್ಣ ಬಳಿಸಿ, ಮೊಣಕಾಲೆತ್ತರದ ವೇದಿಕೆ ಕಟ್ಟಿಸಿ, ಯಾವುದೋ ಛತ್ರದವರು ಮಾರಿದ ಹಳೆಯ ಕುರ್ಚಿಗಳನ್ನು ಹಾಕಿಸಿ, ಅದಕ್ಕೆ ‘ಅಂಗಳ’ ಎಂದು ಹೆಸರಿಟ್ಟರು. ಕೆಳಗೆ ಹಾರ್ಡ್‌ವೇರ್ ಅಂಗಡಿ, ನಡುವೆ ಟ್ಯೂಷನ್, ಮೇಲೆ ಕಲೆ. ಮೆಟ್ರೋ ಬಂದ ಮರುವರ್ಷ, ಡಿಸೆಂಬರಿನ ಪ್ರತಿ ಶನಿವಾರ ಸಂಜೆ ಅಲ್ಲಿ ಏನಾದರೊಂದು ಇರುತ್ತದೆಂದು ಬಸ್ ಸ್ಟಾಪಿನ ಕಂಬಕ್ಕೆ ಕಾಗದ ಅಂಟಿಸಿದರು. ಮೊದಲು ಸಿನಿಮಾ, ಆಮೇಲೆ ಹಾಸ್ಯ, ಆಮೇಲೆ ಸಂಗೀತ, ಕೊನೆಯ ವಾರ ಎಲ್ಲವೂ.

ಮುದುಕವ್ವ ಆ ಕಾಗದ ಓದಲಿಲ್ಲ, ಅವಳಿಗೆ ಓದು ಬರುತ್ತಿರಲಿಲ್ಲ. ಮಗ ಪರಮಾನಂದ ಹೇಳಿದ. ಅವನು ಪೀಣ್ಯದ ಒಂದು ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಊಟದ ಹೊತ್ತಿನಲ್ಲಿ ಸೂಪರ್‌ವೈಸರನ ನಡಿಗೆ, ಮಾಲೀಕನ ಕೆಮ್ಮು ಅನುಕರಿಸಿ ಜೊತೆಯವರನ್ನು ನಗಿಸುತ್ತಿದ್ದ. ಅದು ಹೇಗೋ ಕೊಟ್ರಪ್ಪನವರ ಕಿವಿಗೆ ಬಿದ್ದು, ಹಾಸ್ಯದ ಶನಿವಾರ ಅವನಿಗೂ ಸ್ವಲ್ಪ ಹೊತ್ತು ಕೊಟ್ಟಿದ್ದರು.

ಯಲಬುರ್ಗಾ ಕಡೆಯ ಹಳ್ಳಿಯಿಂದ ಮಗನ ಮನೆಗೆ ಬಂದು ಮುದುಕವ್ವನಿಗೆ ವರ್ಷ ದಾಟಿತ್ತು. ಊರಲ್ಲಿ ಅವಳ ಪಕ್ಕದ ಸಾಲಿನಲ್ಲಿ ಕಳೆ ತೆಗೆಯಲು ಹೆಂಗಸರು ಪೈಪೋಟಿಗೆ ಬೀಳುತ್ತಿದ್ದರು. ಅವಳ ಮಾತಿಗೆ ನಕ್ಕು ನಕ್ಕು ಬಿಸಿಲು ಏರಿದ್ದೇ ತಿಳಿಯುತ್ತಿರಲಿಲ್ಲ. ಇಲ್ಲಿ ಮಾತ್ರ ಅವಳ ಮಾತು ನಡೆಯಲಿಲ್ಲ. ವಠಾರದ ಹೆಂಗಸರಿಗೆ ಏನಾದರೂ ಹೇಳಿದರೆ, “ಏನಜ್ಜಿ? ಇನ್ನೊಂದ್ಸಲ ಹೇಳಿ” ಎನ್ನುತ್ತಿದ್ದರು. ಎರಡನೆಯ ಸಲ ಹೇಳಿದ ನಗೆಮಾತು ಆರಿದ ಚಹಾ ಇದ್ದ ಹಾಗೆ. ಹೀಗಾಗಿ ಮುದುಕವ್ವ ಬರಬರುತ್ತ ಹೇಳುವುದನ್ನೇ ಬಿಟ್ಟಿದ್ದಳು. ಬಾಗಿಲ ಬಳಿ ಕೂತು ಸೊಪ್ಪು ಸೋಸುವ ಮೆತ್ತಗಿನ ಅಜ್ಜಿ ಎಂದೇ ಎಲ್ಲರೂ ಅವಳನ್ನು ತಿಳಿದಿದ್ದರು.

ಮೊದಲ ಶನಿವಾರದ ಸಿನಿಮಾ ಅವಳಿಗೆ ಹಿಡಿಸಿತು. ಹಳೆಯ ಕಪ್ಪು ಬಿಳುಪು ಚಿತ್ರ. ನಾಯಕಿ ಗಾಳಿಮಳೆಯಲ್ಲಿ ದೀಪ ಹಿಡಿದು ಗಂಡನನ್ನು ಹುಡುಕಿ ಹೊರಟಿದ್ದಳು. ಮುದುಕವ್ವ ಪಕ್ಕದಲ್ಲಿದ್ದ ಸೊಸೆ ಭಾಗ್ಯಶ್ರೀಯ ಕಿವಿಯಲ್ಲಿ, “ಗಂಡ ಸಿಕ್ಕರ ಸಿಗಲಿ, ಬಿಟ್ಟರ ಬಿಡಲಿ. ಆ ದೀಪ ಎಲ್ಲಿ ತಗೊಂಡಾಳ ಕೇಳವಾ, ನಮ್ಮನಿಗೊಂದು ತರೂಣು” ಎಂದಳು. ಭಾಗ್ಯಶ್ರೀ ಸೆರಗು ಬಾಯಿಗೆ ತುರುಕಿಕೊಂಡಳು. ಹಿಂದಿನ ಸಾಲಿನವರು “ಶ್” ಎಂದರು. ಮುದುಕವ್ವನಿಗೆ ಬಹಳ ದಿನಗಳ ಮೇಲೆ ಮೈ ಹಗುರವಾದಂತಾಯಿತು.

ಎರಡನೆಯ ಶನಿವಾರ ಪರಮಾನಂದ ವೇದಿಕೆ ಹತ್ತಿದ. ಕೊಟ್ರಪ್ಪನವರ ಹೆಂಡತಿ ಕಮಲಮ್ಮ, “ಬನ್ನಿ, ಮಗ ಮಾತಾಡೋವಾಗ ತಾಯಿ ಹಿಂದೆ ಕೂತ್ಕೋತಾರಾ?” ಎಂದು ಮುದುಕವ್ವನನ್ನು ಮುಂದಿನ ಸಾಲಿಗೆ ಕರೆದು ಕೂರಿಸಿದರು. ಮಗ ಶೆಡ್ಡಿನ ಕತೆಗಳನ್ನು ಹೇಳಿದ, ಜನ ನಕ್ಕರು. ಆಮೇಲೆ, “ನಮ್ಮವ್ವನ್ನ ಮೆಟ್ರೋಕ್ಕ ಕರ್ಕೊಂಡು ಹೋದ್ನಿರೀ” ಎಂದು ಶುರು ಮಾಡಿದ. ಮೇಲಕ್ಕೆ ಓಡುವ ಮೆಟ್ಟಿಲು ಕಂಡು ಅವ್ವ ಚಪ್ಪಲಿ ಬಿಟ್ಟಳಂತೆ, ಕೈ ಮುಗಿದಳಂತೆ, ಕಾಲಿಟ್ಟ ಕೂಡಲೇ ಊರ ದ್ಯಾಮವ್ವನ ಹೆಸರು ಹಿಡಿದು ಚೀರಿದಳಂತೆ. ಕೂಗನ್ನೂ ಕೂಗಿ ತೋರಿಸಿದ. ಜನ ತೊಡೆ ತಟ್ಟಿಕೊಂಡು ನಕ್ಕರು. ಯಾರೋ ಸೀಟಿ ಹೊಡೆದರು.

ಮಗನ ಮಾತಿಗೆ ಇಷ್ಟು ಜನ ನಗುತ್ತಾರಲ್ಲ ಎಂದು ಮುದುಕವ್ವನಿಗೆ ಮೊದಲು ಹಿಗ್ಗಾಯಿತು. ಆಮೇಲೆ ಅವರೆಲ್ಲ ನಗುತ್ತಿರುವುದು ಯಾರನ್ನು ಕುರಿತು ಎಂದು ಹೊಳೆದು ಕಿವಿ ಬಿಸಿಯಾಯಿತು. ಅವಳು ಚಪ್ಪಲಿ ಬಿಟ್ಟಿರಲಿಲ್ಲ. ಚೀರಿರಲೂ ಇಲ್ಲ. ಮೆಟ್ರೋಗೆ ಹೋದ ದಿನ ಪರಮಾನಂದ ಮುಂದೆ ಮುಂದೆ ಹೋಗಿ ಅರ್ಧ ಮೇಲೇರಿದ್ದ. ಅವಳು ಕೆಳಗೆ ನಿಂತು ಆ ಮೆಟ್ಟಿಲನ್ನು, ಅವಳ ಮಾತಿನಲ್ಲಿ ಪಾವಟಿಗಿಯನ್ನು, ನೋಡುತ್ತಿದ್ದಳು. ಕಾವಲಿನ ಹುಡುಗ, “ಹತ್ತಿ ಅಜ್ಜಿ, ಏನೂ ಆಗಲ್ಲ” ಎಂದ. ಅದಕ್ಕವಳು ಒಂದು ಮಾತು ಹೇಳಿದ್ದಳು. ಆ ಹುಡುಗ ಗೊಳ್ಳೆಂದು ನಕ್ಕಿದ್ದ, ಬ್ಯಾಗು ಹಾಕಿಕೊಂಡ ಹುಡುಗಿಯೊಬ್ಬಳು ನಿಂತು ನಕ್ಕಿದ್ದಳು. ನಗು ಕೇಳಿ ತಿರುಗಿ ನೋಡಿದ ಮಗ ಓಡಿ ಇಳಿದು ಬಂದು, ಅವಳ ರಟ್ಟೆ ಹಿಡಿದು, ರೈಲಿನಲ್ಲಿ ದಾರಿಯುದ್ದಕ್ಕೂ “ಮಂದಿ ಮುಂದ ಮಾನ ಕಳದಿ” ಎಂದು ಗೊಣಗಿದ್ದ. ಆ ಗೊಣಗಾಟದ ನಡುವೆ ತಾನು ಹೇಳಿದ್ದೇನೆಂದು ತಿಳಿಸಲು ಅವಳಿಗೆ ಮನಸ್ಸಾಗಿರಲಿಲ್ಲ.

ಮರುದಿನದಿಂದ ವಠಾರದಲ್ಲಿ ಅದೇ ಮಾತು. ಪಕ್ಕದ ಮನೆಯ ಬೈರಮ್ಮ ಕೊಡ ಇಳಿಸಿ, “ಅಜ್ಜಿ, ಮೆಟ್ರೋಗೆ ಕೈ ಮುಗುದ್ರಂತೆ? ಅಂಗೇ ಒಂದು ಕಾಯಿ ಒಡೀಬೇಕಿತ್ತು” ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಮುದುಕವ್ವ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು. ಆ ವಾರವೆಲ್ಲ ಬಾಗಿಲಿಗೆ ಬರಲಿಲ್ಲ. ಪರಮಾನಂದ ಗಮನಿಸಲಿಲ್ಲ. ಶೆಡ್ಡಿನಲ್ಲಿ ಅವನಿಂದ ದಿನಕ್ಕೊಮ್ಮೆ ಚಪ್ಪಲಿಯ ಕತೆ ಹೇಳಿಸುತ್ತಿದ್ದರು.

ಸಂಗೀತದ ಶನಿವಾರ, “ಕಾಲು ನೋಯಾಕತ್ತಾವು, ನೀ ಹೋಗು” ಎಂದು ಸೊಸೆಗೆ ಹೇಳಿದಳು. ಭಾಗ್ಯಶ್ರೀ ಬಿಡಲಿಲ್ಲ. “ಅತ್ತಿ, ನೀವು ಬರಲಿಲ್ಲಂದ್ರ ನನಗ ಕಿವ್ಯಾಗ ಹೇಳಾವರು ಯಾರು?” ಎಂದು ಎಬ್ಬಿಸಿಕೊಂಡು ಹೋದಳು.

ಅಂದು ಕ್ಲಾರಿಯೋನೆಟ್ ನುಡಿಸಲು ಬಂದವನು ಕರಿಬಸಪ್ಪ ಎಂಬ ಬ್ಯಾಂಡಿನವನು. ಜೀವಮಾನವೆಲ್ಲ ಮದುವೆ ಮೆರವಣಿಗೆಯ ಗದ್ದಲದಲ್ಲಿ ನುಡಿಸಿದ ಮನುಷ್ಯ. ಮುಂದೆ ಜನ ಸುಮ್ಮನೆ ಕೂತು ಕೇಳುವುದು ಅವನಿಗೆ ಹೊಸದು. ಬೆವರು ಒರೆಸಿಕೊಂಡು ಶುರು ಮಾಡಿದ. ರಾಗ ಚೆನ್ನಾಗಿ ಏರುತ್ತಿದ್ದಾಗ ಎಲ್ಲೋ ಸ್ವರ ಜಾರಿತು. ಕೂತವರಲ್ಲಿ ಹೆಚ್ಚಿನವರಿಗೆ ತಿಳಿಯಲೂ ಇಲ್ಲ. ಕರಿಬಸಪ್ಪ ಮಾತ್ರ ವಾದ್ಯ ಕೆಳಗಿಳಿಸಿ, “ತಪ್ಪಾತ್ರಿ. ಮೊದಲಿಂದ ನುಡಸ್ತೀನಿ” ಎಂದು ಮತ್ತೆ ಮೊದಲಿಂದ ಹಿಡಿದ. ಯಾರೂ ಎದ್ದು ಹೋಗಲಿಲ್ಲ. ಎರಡನೆಯ ಸಲ ರಾಗ ಆ ಜಾಗ ದಾಟಿ ಮುಂದೆ ಹೋದಾಗ ಮುದುಕವ್ವ ತಾನು ಉಸಿರು ಹಿಡಿದು ಕೂತಿದ್ದೇನೆಂದು ಕಂಡುಕೊಂಡಳು.

ಮರುದಿನ ಭಾನುವಾರ. ಭಾಗ್ಯಶ್ರೀ ರೊಟ್ಟಿ ತಟ್ಟುತ್ತಿದ್ದಳು, ಪರಮಾನಂದ ಪುಂಡಿಪಲ್ಯ ಹಚ್ಚಿಕೊಂಡು ತಿನ್ನುತ್ತಿದ್ದ. ಮುದುಕವ್ವ ಎದುರಿಗೆ ಬಂದು ಕೂತಳು.

“ಪರಮ್ಯಾ, ಆ ಕತಿ ತಪ್ಪೈತಿ.”

“ಯಾವ ಕತಿ ಯವ್ವಾ?”

“ಚಪ್ಪಲಿದು. ನಾ ಚಪ್ಪಲಿ ಬಿಟ್ಟಿದ್ದಿಲ್ಲ.”

“ಅದು ಮಂದಿ ನಗಲಿ ಅಂತ ಕಟ್ಟಿದ್ದು ಬೇ.”

“ಮಂದಿ ಆವತ್ತ ನಕ್ಕಿದ್ರು. ನಾನ ನಗಿಸಿದ್ದೆ.” ಅವಳು ತಡೆದು ತಡೆದು ಹೇಳಿದಳು. “ಆ ಹುಡುಗ ಹತ್ತ ಅಂದ. ನಾ ಅಂದೆ, ‘ತಮ್ಮಾ, ಆಗಳಿಂದ ನೋಡಾಕತ್ತೀನಿ, ಈ ಪಾವಟಿಗಿ ಏರತಾವು ಏರತಾವು, ಒಂದಾರ ಮ್ಯಾಲ ಮುಟ್ಟಿ ನಿಂತಿದ್ದು ಕಾಣಲಿಲ್ಲ. ತಾವ ಮುಟ್ಟಲಾರದವು ನನ್ನೇನ ಮುಟ್ಟಸತಾವು?’”

ಪರಮಾನಂದನ ಕೈ ರೊಟ್ಟಿಯ ಮೇಲೆ ನಿಂತಿತು. ಒಲೆಯ ಮುಂದಿದ್ದ ಭಾಗ್ಯಶ್ರೀ ಮೊದಲು ನಕ್ಕಳು. ಅವನಿಗೂ ನಗು ಬಂತು, ಬಂದದ್ದು ಅರ್ಧಕ್ಕೇ ನಿಂತಿತು.

“ಅವರು ನಿನ್ನ ನೋಡಿ ನಕ್ರು ಅಂತ ತಿಳಿದಿದ್ದೆ” ಎಂದ. “ನನಗ ಭಾಳ ಕೆಟ್ಟ ಅನಿಸಿತ್ತು ಯವ್ವಾ. ಇನ್ನೊಬ್ಬರು ನಗೂದಕ್ಕಿಂತ ಮೊದಲ ನಾನ ಹೇಳಿಬಿಡೂದು ಛಲೋ ಅಂತ...” ಎಂದು ರೊಟ್ಟಿ ಮುರಿದ. “ಆದ್ರ ಮುಂದಿನ ಶನಿವಾರ ಎಲ್ಲಾರೂ ಅದನ್ನ ಕೇಳತಾರ. ಚಪ್ಪಲಿ, ಚೀರೂದು, ಕೈ ಮುಗಿಯೂದು, ಎಲ್ಲಾ ತಗದ್ರ ಏನ ಉಳೀತೈತಿ?” ಎಂದ.

“ನಾ ಉಳೀತೀನಿ” ಎಂದಳು ಮುದುಕವ್ವ.

ಆಮೇಲೆ ಆ ಮನೆಯಲ್ಲಿ ಅದರ ಬಗ್ಗೆ ಮಾತು ಬರಲಿಲ್ಲ. ಪರಮಾನಂದ ಬಟ್ಟೆ ಒಗೆಯುವಾಗ, ಗಡ್ಡ ಮಾಡುವಾಗ ತುಟಿ ಅಲ್ಲಾಡಿಸುತ್ತಿದ್ದುದನ್ನು ಮುದುಕವ್ವ ಕಂಡಳು. ಏನು ಹೇಳಿಕೊಳ್ಳುತ್ತಿದ್ದಾನೆಂದು ಕೇಳಲಿಲ್ಲ.

ಕೊನೆಯ ಶನಿವಾರ ಗೋಡೆಗಾತು ನಿಲ್ಲುವಷ್ಟು ಜನ. ಪರಮಾನಂದ ವೇದಿಕೆಗೆ ಬರುತ್ತಿದ್ದಂತೆ ಶೆಡ್ಡಿನ ಗೆಳೆಯನೊಬ್ಬ ಕೂಗಿದ, “ಚಪ್ಪಲಿ ಕಥೆ ಹೇಳು ಗುರು!” ಇನ್ನಷ್ಟು ಜನ ದನಿಗೂಡಿಸಿದರು. ಮಗ ಮೈಕು ಹಿಡಿದು ನಿಂತುಬಿಟ್ಟ. ಅವನು ಕೂಗಿದ ಗೆಳೆಯನ ಕಡೆ ನೋಡಿದ್ದು ಮುದುಕವ್ವನಿಗೆ ಕಾಣಿಸಿತು. ಹೇಳಿಬಿಡುತ್ತಾನೆ ಎಂದುಕೊಂಡಳು. ಹೇಳಿದರೆ ಎದ್ದು ಹೋಗುವುದೋ ಕೂತೇ ಇರುವುದೋ ಎಂದು ಅವಳಿಗೇ ತಿಳಿಯಲಿಲ್ಲ.

“ಆ ಕತಿ ಸುಳ್ಳಿತ್ರೀ” ಎಂದ ಪರಮಾನಂದ. “ನಮ್ಮವ್ವ ಅಂಜಿದ್ದಿಲ್ಲ. ಅಲ್ಲಿ ಆಕಿ ಒಂದು ಮಾತ ಅಂದಿದ್ಲು. ನನಗ ಕೇಳಿಸಿದ್ದಿಲ್ಲ.”

ಆ ಮಾತನ್ನು ಹೇಳಿದ. ಅವಸರದಲ್ಲಿ ಹೇಳಿದ, ನಡುವೆ ತೊದಲಿದ. ಅಲ್ಲೊಬ್ಬರು ಇಲ್ಲೊಬ್ಬರು ನಕ್ಕರು. ಹಿಂದಿನಿಂದ ಯಾರೋ, “ಮೊದಲಿನದೇ ಚೆನ್ನಾಗಿತ್ತು ಬಿಡು ಮಗಾ” ಎಂದರು. ಪರಮಾನಂದನ ಮುಖ ಸಣ್ಣದಾಯಿತು.

ಆಗ ಬೈರಮ್ಮ ತನ್ನ ಕುರ್ಚಿಯಿಂದಲೇ, “ಅವನ ಮಾತು ಅರ್ತ ಆಗ್ಲಿಲ್ಲ ಕಣಜ್ಜಿ. ನೀನೇ ಏಳು, ಏನಂದೆ?” ಎಂದು ಗಟ್ಟಿಯಾಗಿ ಕೇಳಿದಳು.

ಮುದುಕವ್ವ ಎದ್ದು ನಿಲ್ಲಲಿಲ್ಲ. ಕೂತಲ್ಲೇ ಬೈರಮ್ಮನ ಕಡೆ ತಿರುಗಿ, ಹೊಲದಲ್ಲಿ ಪಕ್ಕದ ಸಾಲಿನವಳಿಗೆ ಹೇಳುವ ಹಾಗೆ, ಅವಸರವಿಲ್ಲದೆ ಹೇಳಿದಳು. ಮೆಟ್ಟಿಲು ಏರುವುದನ್ನು ಗಲ್ಲ ಎತ್ತಿ ತೋರಿಸಿದಳು. ಕೊನೆಯ ಮಾತಿಗೆ ಮುಂಚೆ ಸುಮ್ಮನಾಗಿ ಎಲ್ಲರನ್ನೂ ಒಮ್ಮೆ ನೋಡಿದಳು. ಬೈರಮ್ಮ ಕಿಸಕ್ಕೆಂದಳು, ಕಮಲಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ನಗು ಸಾಲಿನಿಂದ ಸಾಲಿಗೆ ದಾಟಿ ಗೋಡೆಗಾತು ನಿಂತವರನ್ನೂ ಮುಟ್ಟಿತು. ವೇದಿಕೆಯ ಮೇಲೆ ಮಗ ಮೈಕು ಕೆಳಗಿಳಿಸಿ, ತನಗೀಗ ಕೆಲಸವಿಲ್ಲ ಎಂಬಂತೆ ನಿಂತು ನಗುತ್ತಿದ್ದ.

ಜನವರಿಯಲ್ಲಿ ಅಂಗಳದ ಬಾಗಿಲು ಮುಚ್ಚಿತು. ಮುಂದಿನ ವರ್ಷ ನೋಡೋಣ ಎಂದರು ಕೊಟ್ರಪ್ಪನವರು. ಒಂದು ಬೆಳಿಗ್ಗೆ ಬೈರಮ್ಮ ತನ್ನ ಮಣೆಯನ್ನು ಮುದುಕವ್ವನ ಬಾಗಿಲಿಗೆ ಎಳೆದು ತಂದು, ತನ್ನ ಮನೆಯ ಅವರೆಕಾಯಿಯನ್ನೂ ಮೊರಕ್ಕೆ ಸುರಿದು, “ನಿಮ್ಮೂರಾಗೆ ಎಂಗಿತ್ತಜ್ಜಿ, ಏಳು” ಎಂದಳು. ಮುದುಕವ್ವ ಕಾಯಿ ಸುಲಿಯುತ್ತ ಶುರು ಮಾಡಿದಳು. ಬೈರಮ್ಮ ನಡುನಡುವೆ “ಅಂಗಂದ್ರೆ?” ಎಂದು ಕೇಳುತ್ತಿದ್ದಳು, ಮುದುಕವ್ವ ಬೇಸರವಿಲ್ಲದೆ ಬಿಡಿಸಿ ಹೇಳುತ್ತಿದ್ದಳು. ಪರಮಾನಂದ ಬುತ್ತಿ ಹಿಡಿದು ಒಳಗಿನಿಂದ ಬಂದವನು, ಶೆಡ್ಡಿಗೆ ಹೊತ್ತಾಗಿದ್ದರೂ, ಹೊಸ್ತಿಲ ಒಳಗೇ ನಿಂತು ಕೇಳತೊಡಗಿದ.