ಬಸ್‌ಸ್ಟಾಪಿನಲ್ಲಿ ಬಿಟ್ಟುಬಂದ ಗಂಡ

ಪ್ರವಾಸದ ಕಂಪನಿಯ ಹುಡುಗಿ ಫೋನಿನಲ್ಲಿ ಎಷ್ಟು ಜನ ಎಂದು ಕೇಳಿದಳು. ಮೂವರು ಎಂದೆ.

"ಎರಡು ರೂಮ್ ಹಾಕ್ಲಾ ಮೇಡಂ?"

"ಬೇಡ, ಒಂದೇ ಸಾಕು. ಎರಡು ಹಾಸಿಗೆ ಇದ್ರಾಯ್ತು. ಮೂರನೆಯವನಿಗೆ ಹಾಸಿಗೆ ಬೇಕಾಗಿಲ್ಲ."

"ಪುಟ್ಟ ಮಗುನಾ?"

"ಅಲ್ಲಮ್ಮ, ನನ್ನ ಗಂಡ. ತೀರ್ಕೊಂಡು ಎರಡು ವರ್ಷ ಆಯ್ತು."

ಆ ಕಡೆಯಿಂದ ಸ್ವಲ್ಪ ಹೊತ್ತು ಟೈಪು ಮಾಡುವ ಸದ್ದು ಬಂತು. "ಸರಿ, ಹಾಗಾದ್ರೆ ಅವರಿಗೆ ಬೆಳಗಿನ ತಿಂಡಿ ಹಾಕಲ್ಲ," ಎಂದಳು. ಸ್ಪೇನಿನ ಮೂಲೆಯ ನಮ್ಮ ಗಲೀಸಿಯಾದ ಹುಡುಗಿಯೇ ಎಂದು ಆಗಲೇ ಗೊತ್ತಾಯಿತು. ಮ್ಯಾಡ್ರಿಡ್‌ನವಳಾಗಿದ್ದರೆ ಫೋನು ಇಟ್ಟುಬಿಡುತ್ತಿದ್ದಳು.

ತೈಶಿದೊ ಎಂಬ ಊರಿನಲ್ಲಿ, ಸಮುದ್ರದ ಮೇಲಿನ ಬಂಡೆಯಂಚಿನಲ್ಲಿ, ಸಂತ ಆಂದ್ರೆಸನ ಇಗರ್ಜಿ ಇದೆ. ನಮ್ಮವರು ಜೀವಮಾನದಲ್ಲಿ ಒಮ್ಮೆ ಅಲ್ಲಿಗೆ ಹೋಗಲೇಬೇಕು. ಹೋಗದೆ ಸತ್ತರೆ ಕಪ್ಪೆಯೋ ಹಲ್ಲಿಯೋ ಆಗಿ ಆ ದಾರಿಯನ್ನು ತೆವಳಿ ಮುಗಿಸಬೇಕು. ಇಲ್ಲವೇ ಮನೆಯವರು ಸಮಾಧಿಗೆ ಹೋಗಿ, ಏಳಪ್ಪ ಹೊರಡೋಣ ಎಂದು ಕರೆದು, ಜೊತೆಯಲ್ಲೇ ನಡೆಸಿಕೊಂಡು ಹೋಗಬೇಕು. ಸತ್ತವರಿಗೆ ದಾರಿ ಕಾಣುವುದಿಲ್ಲ. ತಿರುವು ಬಂದರೆ ತಿರುಗು ಎನ್ನಬೇಕು, ಗಾಡಿ ಹತ್ತುವಾಗ ಹತ್ತು ಎನ್ನಬೇಕು. ಹೇಳದಿದ್ದರೆ ಅಲ್ಲೇ ಉಳಿದುಬಿಡುತ್ತಾರೆ. ನನ್ನ ಗಂಡ ದೆಲ್ಮಿರೊ ಮೂವತ್ತನಾಲ್ಕು ವರ್ಷ "ಬರೋ ವರ್ಷ ಹೋಗೋಣ ಕಣೇ" ಎನ್ನುತ್ತಲೇ ಇದ್ದು, ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿರುವಾಗಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಸೋಮಾರಿ, ಆದರೆ ಬಂಗಾರದಂಥ ಮನುಷ್ಯ. ಆರಡಿ ಮೂರಂಗುಲ ಎತ್ತರ. ಮೀನುದೋಣಿಗಳ ಇಂಜಿನ್ ರಿಪೇರಿ ಮಾಡುತ್ತಿದ್ದ. ಅವನ ತಲೆ ತಾಗದ ಬಾಗಿಲು ನಮ್ಮೂರಿನಲ್ಲಿ ಒಂದೂ ಇರಲಿಲ್ಲ.

ಈ ಏಪ್ರಿಲಿನಲ್ಲಿ ಅಮಾರೊ ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ. ನಾನು, ಅರವತ್ತೊಂದರ ಬಾಲ್ಬಿನಾ, ಸಾರ್ಡೀನ್ ಡಬ್ಬಿ ತುಂಬಿ ತುಂಬಿ ಬೆರಳು ಸೊಟ್ಟಗಾದವಳು, ಹದಿನಾರರ ಹುಡುಗಿಯ ಹಾಗೆ ಕಿಸಕ್ಕನೆ ನಕ್ಕು ಹೂಂ ಅಂದೆ. ಸೆಪ್ಟೆಂಬರಿಗೆ ಎಂದು ಮಾತಾಯಿತು. ಅಮಾರೊ ದೆಲ್ಮಿರೊನ ಇಸ್ಪೀಟಿನ ಜೊತೆಗಾರ, ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ನಡೆದು ಹೋಗುವ ಪ್ರವಾಸಿಗಳ ಸೂಟ್‌ಕೇಸುಗಳನ್ನು ಒಂದು ವಸತಿಯಿಂದ ಇನ್ನೊಂದಕ್ಕೆ ವ್ಯಾನಿನಲ್ಲಿ ಸಾಗಿಸುವುದು ಅವನ ಕೆಲಸ.

ಉಳಿದದ್ದು ಅತ್ತಿಗೆ. ದೆಲ್ಮಿರೊನ ಅಕ್ಕ ಓಬ್ದುಲಿಯಾ, ಅರವತ್ತೊಂಬತ್ತು ವರ್ಷ, ತಮ್ಮನಷ್ಟೇ ಉದ್ದ, ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವರು. ಅವರ ಅಡುಗೆಮನೆಗೂ ನನ್ನ ಅಡುಗೆಮನೆಗೂ ಒಂದೇ ಗೋಡೆ. ನನಗೆ ಮಕ್ಕಳಿಲ್ಲ, ತವರಿನಲ್ಲಿ ಯಾರೂ ಉಳಿದಿಲ್ಲ. ಈ ಭೂಮಿಯ ಮೇಲೆ ನನ್ನವರು ಎಂದು ಇರುವುದು ಆ ಗೋಡೆಯಾಚೆ ಒಬ್ಬರೇ. ಅವರು ಬೇಡ ಅಂದರೆ ನನಗೆ ಮದುವೆಯಾಗುವ ಧೈರ್ಯವಿಲ್ಲ. ಅದನ್ನು ಅಮಾರೊನಿಗೂ ಹೇಳಿದ್ದೆ. ವಿಷಯ ತಿಳಿಸಿದಾಗ ಅತ್ತಿಗೆ ಆಲೂಗಡ್ಡೆ ಹೆಚ್ಚುತ್ತಿದ್ದರು, ಚಾಕು ನಿಲ್ಲಿಸಲಿಲ್ಲ.

"ಮೊದಲು ನನ್ನ ತಮ್ಮನ್ನ ಸಾನ್ ಆಂದ್ರೆಸಿಗೆ ತಲುಪಿಸು. ಅವನು ದಾರೀಲಿ ಕಪ್ಪೆಯಾಗಿ ಕುಪ್ಪಳಿಸ್ತಾ ಇರ್ಬೇಕಾದ್ರೆ ನೀನಿಲ್ಲಿ ಮದುವೆ ಕೇಕ್ ಕತ್ತರಿಸ್ತೀಯಾ? ನಾನೂ ಬರ್ತೀನಿ. ಆಮೇಲೆ ನೋಡೋಣ."

"ಅಮಾರೊನ ಕಂಪನಿಯವರೇ ಏರ್ಪಾಡು ಮಾಡ್ತಾರೆ ಅತ್ತಿಗೆ. ಮೂರು ದಿನದ ದಾರಿ, ಬ್ಯಾಗು ಅವನೇ ತರ್ತಾನೆ."

"ಬ್ಯಾಗು ತರ್ಲಿ. ಆದ್ರೆ ಮೂರು ದಿನ ನೀನು ಅವನ ಹತ್ರ ಒಂದು ಮಾತಾಡ್ಕೂಡ್ದು. ಗಂಡನ ಜೊತೆ ಹೋಗ್ತಿದೀಯ, ನೆನಪಿರ್ಲಿ."

ಹೀಗೆ ಜೂನ್ ತಿಂಗಳ ಒಂದು ಬೆಳಿಗ್ಗೆ ಸ್ಮಶಾನದಲ್ಲಿ ದೆಲ್ಮಿರೊನ ಕಲ್ಲನ್ನು ಮೂರು ಸಲ ತಟ್ಟಿ ಎಬ್ಬಿಸಿ, ಶುವಿಯಾ ಮಠದಿಂದ ನಡೆಯಲು ಶುರು ಮಾಡಿದೆವು. ಮಾರ್ಗದರ್ಶಿ ಎಂದು ಯಾರೂ ಇಲ್ಲ. ಕಂಪನಿ ಕೊಟ್ಟ ಪುಸ್ತಿಕೆ ನೋಡಿಕೊಂಡು ನಾವೇ ಹೋಗಬೇಕು. ಅತ್ತಿಗೆ ಅದನ್ನು ಪ್ರಾರ್ಥನೆಯ ಪುಸ್ತಕದ ಹಾಗೆ ಎದೆಯೆತ್ತರಕ್ಕೆ ಹಿಡಿದು, ತಮ್ಮನಿಗೆ ಕೇಳಲಿ ಎಂದು ಗಟ್ಟಿಯಾಗಿ ಓದುತ್ತಿದ್ದರು.

"ದೆಲ್ಮಿರೊ, ಎಡಕ್ಕೆ! ಹಳೇ ಬಾವಿ ದಾಟಿ ಬಲಕ್ಕಂತೆ! ಏನಿದು, 'ಇಲ್ಲಿ ನಿಂತು ಸಮುದ್ರದ ನೋಟವನ್ನು ಸವಿಯಿರಿ.' ಹುಟ್ಟಿದಾಗಿಂದ ಅದನ್ನೇ ನೋಡ್ತಿದೀವಿ, ನಡಿ ನಡಿ!"

ನಮ್ಮ ಹಿಂದೆ ಬರುತ್ತಿದ್ದ ಜರ್ಮನಿಯ ಗಂಡಹೆಂಡತಿ ದೆಲ್ಮಿರೊ ಎಂದರೆ ನಮ್ಮ ನಾಯಿ ಎಂದುಕೊಂಡು ಪೊದೆಗಳಲ್ಲಿ ಹುಡುಕತೊಡಗಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಈ ದಾರಿಯಲ್ಲಿ ಯಾವ ಜೀವಿಯನ್ನೂ ಕೊಲ್ಲುವಂತಿಲ್ಲ, ಯಾರ ಮನೆಯ ಹಿರಿಯರೋ ಏನೋ. ದಪ್ಪ ನೊಣವೊಂದು ನನ್ನ ಮೊಣಕೈಯನ್ನು ಕಚ್ಚಿದಾಗ ಕೈಯೆತ್ತಿದೆ, ಅತ್ತಿಗೆ ಗದರಿದರು. "ಏಯ್, ಏಯ್! ತಡೆಯೇ! ಅವರೂ ಯಾತ್ರೆಗೆ ಹೊರಟವರು!" ಅದು ಹೊಟ್ಟೆ ತುಂಬ ಕುಡಿದು ಹಾರಿಹೋಗುವವರೆಗೆ ನಾವಿಬ್ಬರೂ ಮರ್ಯಾದೆಯಿಂದ ನಿಂತುಕೊಂಡಿದ್ದೆವು.

ಆ ಸಂಜೆ ವಾಲ್ದೊವಿನ್ಯೊದಲ್ಲಿ ಊಟಕ್ಕೆ ಅತ್ತಿಗೆ ಮೂರು ಲೋಟ ವೈನ್ ತರಿಸಿದರು. ವಸತಿಯ ಯಜಮಾನಿ ಮೂರನೆಯ ಲೋಟವನ್ನು ಖಾಲಿ ಕುರ್ಚಿಯ ಮುಂದಿಟ್ಟು, "ಯಜಮಾನ್ರಿಗೆ ಆಲಿವ್ ಕೊಡ್ಲಾ?" ಎಂದು ಕೇಳಿದಳು. "ಬೇಡ, ಅವನಿಗೆ ಎದೆಯುರಿ," ಎಂದರು ಅತ್ತಿಗೆ. ಬೆಳಿಗ್ಗೆ ಅಮಾರೊ ಬ್ಯಾಗು ಒಯ್ಯಲು ಬಂದ. ನನ್ನ ಬ್ಯಾಗನ್ನು ಹಸುಗೂಸಿನ ಹಾಗೆ ಎತ್ತಿಕೊಂಡು, ಮಾತಾಡದೆ, ಹುಬ್ಬು ಮಾತ್ರ ಕುಣಿಸಿದ. ನಾನು ಶೂ ಲೇಸು ಕಟ್ಟುವ ನೆಪದಲ್ಲಿ ಬಗ್ಗಿ ನಗು ನುಂಗಿದೆ.

ಎರಡನೆಯ ದಿನ ನನ್ನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಅತ್ತಿಗೆಗೆ ಮೇಕೆಯ ಕಾಲು. "ನಾನು ಮುಂದೆ ಹೋಗಿ ವಿಲಾರುಬೆ ಬೀಚಿನ ಹತ್ರ ಕಾಯ್ತೀನಿ, ನೀನು ಅವನನ್ನ ಕರ್ಕೊಂಡು ನಿಧಾನ ಬಾ," ಎಂದು ಪುಸ್ತಿಕೆಯೊಡನೆ ಹೊರಟೇ ಹೋದರು. ಪಾಂತೀನ್ ಬೀಚಿನ ಮೇಲಿನ ಬಸ್‌ಸ್ಟಾಪಿನ ಬೆಂಚಿನ ಮೇಲೆ ಕುಳಿತೆ. "ನೀನೂ ಕೂತ್ಕೋ ದೆಲ್ಮಿರೊ," ಎಂದು ಪಕ್ಕದಲ್ಲಿ ಜಾಗ ಬಿಟ್ಟೆ. ಗಾಳಿ, ಬಿಸಿಲು, ಕೆಳಗೆ ಅಲೆ ಹತ್ತಿ ಬೀಳುತ್ತಿದ್ದ ಹುಡುಗರ ಕೂಗು. ಅಷ್ಟರಲ್ಲಿ ಅಮಾರೊನ ವ್ಯಾನು ಬಂದು ನಿಂತಿತು.

"ಕಾಲಿಗೇನಾಯ್ತು?"

"ಮಾತಾಡ್ಬಾರ್ದು. ಅತ್ತಿಗೆ ಹೇಳಿದಾರೆ."

"ಸರಿ, ಮಾತಾಡಲ್ಲ. ಹತ್ತು."

ಹತ್ತಿದೆ. ಹತ್ತದೆ ಏನು ಮಾಡಲಿ? ಅವನು ದಾರಿಬದಿಯಲ್ಲಿ ಕಿತ್ತ ಒಂದು ಹಿಡಿ ಗುಲಾಬಿ ಬಣ್ಣದ ಕಾಡುಹೂ ಮುಂದೆ ಇಟ್ಟಿದ್ದ, ಒಲಿಸಿಕೊಳ್ಳುವ ಗಿಡ ಎಂದು ನಮ್ಮಲ್ಲಿ ಹುಡುಗರು ಹುಡುಗಿಯರ ಜೇಬಿಗೆ ಕದ್ದು ತುರುಕುತ್ತಾರಲ್ಲ, ಅದು. "ನಿನಗೆ ಇನ್ನೂ ಅನುಮಾನಾನಾ? ಆಗ್ಲೇ ಒಲಿದಿದೀನಲ್ಲೋ," ಎಂದೆ. "ಇರ್ಲಿ, ಖರ್ಚಿಲ್ಲ," ಎಂದ. ಕಿಟಕಿ ಪೂರ್ತಿ ಇಳಿಸಿ, ರೇಡಿಯೊ ಜೋರು ಮಾಡಿ, ಇಬ್ಬರೂ ಅಪಸ್ವರದಲ್ಲಿ ಹಾಡಿಕೊಂಡು, ಬೇಕಂತಲೇ ಒಂದು ದಾರಿ ತಪ್ಪಿಸಿ, ಇಪ್ಪತ್ತು ನಿಮಿಷ ಸುತ್ತಿದೆವು. ನನ್ನ ಕೂದಲೆಲ್ಲ ಬಾಯಿಗೆ ಬರುತ್ತಿತ್ತು. ವಿಲಾರುಬೆಗೆ ಒಂದು ತಿರುವು ಮೊದಲೇ ಇಳಿಸಿದ. ಇಳಿಯುವ ಮುಂಚೆ ಮುತ್ತು ಕೊಟ್ಟೆನೋ ಇಲ್ಲವೋ ಎಂದು ಕೇಳಬೇಡಿ.

ಅತ್ತಿಗೆ ಮರಳಿನ ಮೇಲೆ ಕುಳಿತಿದ್ದರು. ನನ್ನನ್ನು ನೋಡಿ, ನನ್ನ ಹೆಗಲಿನಾಚೆ ನೋಡಿ, "ಬಂದ್ಯಾ ತಮ್ಮಾ? ದಣಿವಾಯ್ತಾ?" ಎಂದರು.

ವ್ಯಾನು ಹತ್ತು ಅಂತ ದೆಲ್ಮಿರೊನಿಗೆ ಹೇಳಿರಲೇ ಇಲ್ಲ.

ಆ ದಿನದ ವಸತಿಯಿದ್ದ ಸೆದೇಯ್ರಾವರೆಗೆ ಬಾಯಿ ಬಿಡದೆ ನಡೆದೆ. ಬೊಬ್ಬೆಯ ನೋವು ಎಂದುಕೊಂಡು ಅತ್ತಿಗೆ ನನ್ನ ಚೀಲವನ್ನೂ ತಾವೇ ಹೊತ್ತರು. ಅದು ಇನ್ನಷ್ಟು ಚುಚ್ಚಿತು. ಬಂದರಿನ ಎದುರಿನ ಹೋಟೆಲಿನಲ್ಲಿ ಊಟಕ್ಕೆ ಕುಳಿತಾಗ ಬಿಸಿಲಿನ್ನೂ ಜೋರಾಗಿತ್ತು. ಮತ್ತೆ ಮೂರು ಲೋಟ ಬಂದವು.

"ಕುಡಿ ಮಗಾ," ಎಂದರು ಅತ್ತಿಗೆ ಖಾಲಿ ಕುರ್ಚಿಗೆ. "ಜೀವಮಾನದಲ್ಲಿ ಇಷ್ಟು ನಡೆದೋನಲ್ಲ ನೀನು."

"ಅತ್ತಿಗೆ, ಅವನು ಇಲ್ಲಿಲ್ಲ."

"ಎರಡು ವರ್ಷದಿಂದ ಇಲ್ಲ ಕಣೇ, ನನಗ್ಗೊತ್ತಿಲ್ವಾ?"

"ಹಾಗಲ್ಲ. ಇಲ್ಲಿಗೆ ಬಂದೇ ಇಲ್ಲ. ಪಾಂತೀನ್ ಬಸ್‌ಸ್ಟಾಪಲ್ಲಿದ್ದಾನೆ."

ಎಲ್ಲವನ್ನೂ ಹೇಳಿದೆ. ವ್ಯಾನು, ಹೂವು, ರೇಡಿಯೊ, ದಾರಿ ತಪ್ಪಿಸಿದ್ದು. ಅತ್ತಿಗೆ ಫೋರ್ಕು ಕೆಳಗಿಟ್ಟರು.

"ಸತ್ತೋರಿಗೂ ಬಸ್ಸಲ್ಲಿ ಟಿಕೆಟ್ ತಗೊಂಡು ಕರ್ಕೊಂಡು ಹೋಗೋರಿದ್ದಾರೆ, ಗಾಡಿ ಹತ್ತಿದ್ದು ತಪ್ಪಲ್ಲ. ನಿಜ ಹೇಳು. ಅವನಿಗೆ ಹೇಳೋದನ್ನ ಮರೆತೆಯಾ, ಅವನನ್ನೇ ಮರೆತೆಯಾ?"

ಸುಳ್ಳು ಹೇಳಬಹುದಿತ್ತು. "ಅವನನ್ನೇ ಮರೆತೆ ಅತ್ತಿಗೆ," ಎಂದೆ. "ಇಪ್ಪತ್ತು ನಿಮಿಷ. ಈ ಎರಡು ವರ್ಷದಲ್ಲಿ ಅದೇ ಮೊದಲು. ತುಂಬ ಖುಷಿಯಾಗಿತ್ತು." ಅಂದವಳೇ ಬಿಕ್ಕಿ ಬಿಕ್ಕಿ ಅತ್ತೆ, ಸಾರಿನ ತಟ್ಟೆಗೆ ಕಣ್ಣೀರು ಬಿತ್ತು. ನನ್ನ ಮದುವೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಅತ್ತಿಗೆ ತಮ್ಮನ ಲೋಟವನ್ನು ಎತ್ತಿ ಒಂದೇ ಗುಟುಕಿಗೆ ಖಾಲಿ ಮಾಡಿದರು. "ಆ ಡ್ರೈವರಿಗೆ ಫೋನ್ ಮಾಡು."

ವ್ಯಾನಿನ ಮುಂದಿನ ಸೀಟಿನಲ್ಲಿ ನಮ್ಮಿಬ್ಬರ ನಡುವೆ ಅತ್ತಿಗೆ ಬೇಲಿಯ ಹಾಗೆ ನೆಟ್ಟಗೆ ಕುಳಿತಿದ್ದರು. ಅಮಾರೊ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಪರೀಕ್ಷೆಗೆ ಕುಳಿತ ಹುಡುಗನಂತೆ ಬೆವರುತ್ತಿದ್ದ. ಪಾಂತೀನ್ ತಲುಪಿದಾಗ ಸೂರ್ಯ ಸಮುದ್ರಕ್ಕೆ ಇನ್ನೊಂದು ಮಾರು ದೂರವಿದ್ದ. ಬೆಂಚು ಖಾಲಿ. ಅದರ ಹಿಂದಿನ ಗೋಡೆಯ ಮೇಲೊಂದು ಹಲ್ಲಿ. ನಾವು ಮೂವರೂ ಅದನ್ನು ನೋಡಿದೆವು. ಅದು ನಮ್ಮನ್ನು ನೋಡಿ ಸರಕ್ಕನೆ ಬಿರುಕಿನೊಳಗೆ ನುಗ್ಗಿತು.

"ಅವನಲ್ಲ," ಎಂದರು ಅತ್ತಿಗೆ. "ಇಷ್ಟು ಚುರುಕಾಗಿ ಅವನು ಹುಟ್ಟಿದಾಗಿಂದ ಓಡಿಲ್ಲ."

ನನಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ಬೆಂಚಿನ ಮುಂದೆ ಮಂಡಿಯೂರಿದೆ. "ದೆಲ್ಮಿರೊ, ತಪ್ಪಾಯ್ತೋ. ಬಿಟ್ಟುಹೋಗಬೇಕು ಅಂತ ಹೋಗಿದ್ದಲ್ಲ. ಎದ್ದೇಳು, ನಾಳೆ ತಲುಪಿಬಿಡ್ತೀವಿ."

ಯಾರೂ ಹೇಳದೆಯೇ ಅಮಾರೊ ಹೋಗಿ ವ್ಯಾನಿನ ಪಕ್ಕದ ಬಾಗಿಲು ಸರಿಸಿದ. ಹಿಂದಿನ ಸೀಟಿನ ಮೇಲಿದ್ದ ಹಗ್ಗ ಡಬ್ಬಿಗಳನ್ನೆಲ್ಲ ನೆಲಕ್ಕಿಳಿಸಿ, ಕೈಯಿಂದ ಧೂಳು ಒರೆಸಿದ. ಆಮೇಲೆ ಟೋಪಿ ತೆಗೆದು ಪಕ್ಕಕ್ಕೆ ನಿಂತು, ಬಾಗಿಲಿನ ಮೇಲಂಚಿಗೆ ಅಂಗೈ ಅಡ್ಡ ಹಿಡಿದ.

"ಬಾ ದೆಲ್ಮಿರೊ. ತಲೆ ಜೋಪಾನ. ಬಗ್ಗು. ಇನ್ನೂ ಸ್ವಲ್ಪ ಬಗ್ಗು ಮಾರಾಯ. ಹಾಂ, ಸರಿ."

ಅವನು ಒಳಗೆ ಕುಳಿತುಕೊಳ್ಳುವಷ್ಟು ಹೊತ್ತು ಕಾದು, ಮೆಲ್ಲಗೆ ಬಾಗಿಲು ಹಾಕಿದ. ಅತ್ತಿಗೆ ಆ ಕೈಯನ್ನೇ ನೋಡುತ್ತಿದ್ದರು. ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು. "ನಿಧಾನ ಓಡ್ಸಪ್ಪ. ಹಿಂದೆ ಕೂತ್ರೆ ಅವನಿಗೆ ವಾಕರಿಕೆ ಬರುತ್ತೆ."

ಮೂರನೆಯ ದಿನ ಗುಡ್ಡ ಹತ್ತಿದೆವು. ನಾನು ಪ್ರತಿ ತಿರುವಿನಲ್ಲೂ ಗಂಟಲು ಹರಿಯುವಂತೆ ಕೂಗಿ ಹೇಳಿದೆ. ಕಾಡುಕುದುರೆಗಳು ತಲೆಯೆತ್ತಿ ನೋಡಿದವು. ಯಾತ್ರಿಕರು ಒಟ್ಟಿದ್ದ ಕಲ್ಲುಗುಡ್ಡೆಗೆ ಮೂವರ ಹೆಸರಿನಲ್ಲಿ ಮೂರು ಕಲ್ಲು ಹಾಕಿದೆವು. ಇಗರ್ಜಿಯೊಳಗೆ ತಂಪಾಗಿತ್ತು. ಅತ್ತಿಗೆ ಸಂತನ ಮುಂದೆ ನಿಂತು, "ತಗೋ ಸ್ವಾಮಿ, ಲೇಟಾಯ್ತು, ಆದ್ರೆ ಕರ್ಕೊಂಡ್ ಬಂದಿದೀವಿ," ಎಂದರು. ನಾನು ದೆಲ್ಮಿರೊನಿಗೆ ಹೇಳಬೇಕಾದ್ದನ್ನು ಹೇಳಿದೆ. ಅದು ನಮ್ಮಿಬ್ಬರ ಮಾತು, ಇಲ್ಲಿ ಬರೆಯುವುದಿಲ್ಲ.

ಕೆಳಗೆ ಮೂರು ಬಾಯಿಯ ಬುಗ್ಗೆ ಇದೆ. ಮನಸ್ಸಿನಲ್ಲಿ ಒಂದು ಕೇಳಿಕೊಂಡು ಬ್ರೆಡ್ಡಿನ ಚೂರು ನೀರಿಗೆ ಹಾಕಬೇಕು. ತೇಲಿದರೆ ಸಂತ ಒಪ್ಪಿದ ಹಾಗೆ. ನಾನು ಸೆಪ್ಟೆಂಬರನ್ನೇ ಕೇಳಿಕೊಂಡು ಹಾಕಿದೆ. ಮುಳುಗಿತು. ಕಣ್ಣೆದುರಿಗೇ, ಗುಳುಂ ಎಂದು. ಅತ್ತಿಗೆಯ ಮುಖ ನೋಡಲು ಆಗಲಿಲ್ಲ.

"ಒಳಗಿನ ಮೆತ್ತನೆ ತಿರುಳು ಹಾಕ್ತಾರೇನೇ, ಪೆದ್ದು!" ಎಂದು ಅತ್ತಿಗೆ ತಮ್ಮ ಬ್ರೆಡ್ಡಿನ ಗಟ್ಟಿ ಸಿಪ್ಪೆ ಮುರಿದು ನನ್ನ ಕೈಗಿಟ್ಟರು. "ಇದನ್ನ ಹಾಕು."

"ಮೋಸ ಅಲ್ವಾ ಅತ್ತಿಗೆ?"

"ಮೋಸ ಅಲ್ಲ, ಬ್ರೆಡ್ಡು. ಹಾಕು ಸುಮ್ನೆ."

ಸಿಪ್ಪೆ ತೇಲಿತು. ಬುಗ್ಗೆಯ ಬಾಯಿಯ ಕೆಳಗೆ ಗಿರಗಿರ ಸುತ್ತುತ್ತ ತೇಲುತ್ತಲೇ ಇತ್ತು.

ಮನೆಗೆ ಕರೆದೊಯ್ಯಲು ಅಮಾರೊ ಮೇಲೆ ಕಾಯುತ್ತಿದ್ದ. ನಾವು ಬಂದದ್ದು ನೋಡಿ ವ್ಯಾನಿನ ಪಕ್ಕದ ಬಾಗಿಲು ಸರಿಸಿ, ನಿನ್ನೆಯಂತೆಯೇ ಮೇಲಂಚಿಗೆ ಅಂಗೈ ಅಡ್ಡ ಹಿಡಿದು ನಿಂತ.

"ಕೈ ತೆಗಿಯಪ್ಪ," ಎಂದರು ಅತ್ತಿಗೆ. "ಅವನು ಬರಲ್ಲ. ತಲುಪ್ಸಾಯ್ತು."

ಅಮಾರೊ ಕೈ ಇಳಿಸಿದ. ಅತ್ತಿಗೆ ಕೊರಳಿಗೆ ಸುತ್ತಿದ್ದ ವಸ್ತ್ರದಿಂದ ಮೂಗು ಒರೆಸಿಕೊಂಡು, "ನೀನು ಹೋಗಿ ಮುಂದೆ ಕೂತ್ಕೊಳ್ಳೇ, ಅವನ ಪಕ್ಕ," ಎಂದು ನನ್ನನ್ನು ನೂಕಿ, ದೆಲ್ಮಿರೊ ಕುಳಿತಿದ್ದ ಹಿಂದಿನ ಸೀಟಿಗೆ ತಾವೇ ಹತ್ತಹೋದರು. ಠಣ್ ಎಂದು ತಲೆ ಬಡಿಯಿತು.

"ಅಯ್ಯಯ್ಯೋ! ಅಕ್ಕಾ, ಪೆಟ್ಟಾಯ್ತಾ?" ಅಮಾರೊ ಓಡಿದ.

"ಆಗ್ದೆ ಏನು? ನನಗ್ಯಾಕೆ ಹೇಳ್ಲಿಲ್ಲ ಬಗ್ಗು ಅಂತ?" ಅತ್ತಿಗೆ ಹಣೆ ಉಜ್ಜಿಕೊಂಡು ಕುಳಿತರು. "ಸೆಪ್ಟೆಂಬರಿಗೆ ಬೇರೆ ಗಾಡಿ ನೋಡು. ಮದುವೆಗೆ ನಾನು ಈ ಡಬ್ಬದಲ್ಲಿ ಬರೋಳಲ್ಲ."

ಅಮಾರೊ ನನ್ನ ಮುಖ ನೋಡಿದ. ನಾನು ಬೆಲ್ಟು ಹಾಕಿಕೊಳ್ಳಲು ಮೂರು ಸಲ ಪ್ರಯತ್ನಿಸಿದೆ, ಕೊಂಡಿ ಸಿಕ್ಕಲಿಲ್ಲ, ಅವನೇ ಹಾಕಿದ. ಗಾಡಿ ಹೊರಟಿತು. ಮೊದಲ ತಿರುವಿನಲ್ಲಿ ಬಾಯಿತಪ್ಪಿ, "ದೆಲ್ಮಿರೊ, ಎಡಕ್ಕೆ!" ಎಂದು ಕೂಗಿಬಿಟ್ಟೆ. ಹಿಂದಿನ ಸೀಟಿನಿಂದಲೇ ಮೊದಲು ನಗು ಬಂತು.