ತಣ್ಣನೆಯ ನಳಿಗೆಯ ಮೊದಲ ಗುಂಡು

ಹಳೆಯ ಕೋವಿಮದ್ದಿನ ಕೊನೆಯ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಹುಳಿ ವಾಸನೆ ಮೂಗಿಗೆ ಬಡಿಯಿತು. ಕಪ್ಪು ಕಾಳುಗಳ ಮೇಲೆ ತುಕ್ಕಿನಂಥ ಕೆಂಪು ಪುಡಿ ಕೂತಿತ್ತು. ಕಟ್ಟಾಲಿನ್ ಡಬ್ಬಿಯನ್ನು ಕುರಿದೊಡ್ಡಿಯ ಆಚೆಗೆ ಒಯ್ದು, ಬರಿ ನೆಲದ ಮೇಲೆ ತೆಳ್ಳಗೆ ಎರಚಿ ಬಂದಳು. ಮೂವತ್ತೆಂಟು ವರ್ಷ ಅದೇ ಮದ್ದನ್ನು ತೂಗಿ ತೋಟೆ ತುಂಬಿದ ಕೈ ಅವಳದು. ಅದನ್ನು ತಯಾರಿಸುವುದನ್ನೇ ನಿಲ್ಲಿಸಿಬಿಟ್ಟಿದ್ದಾರೆ ಎಂದು ಅಂಗಡಿಯವನು ಹೇಳಿದ್ದ.

ಅದೇ ವಾರ ಬೇಟೆ ಇಲಾಖೆಯಿಂದ ಚೀಟಿ ಬಂದಿತ್ತು. ಹದಿನಾಲ್ಕು ವರ್ಷ ಬಿಡದೆ ಅರ್ಜಿ ಹಾಕಿದ ಮೇಲೆ ಲಾಟರಿಯಲ್ಲಿ ಅವಳ ಹೆಸರು ಎದ್ದಿತ್ತು. ಕಪ್ಪುಹಳ್ಳದ ಕಣಿವೆಯಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆ ಒಂದನ್ನು ಹೊಡೆಯಲು ಅನುಮತಿ, ಅದೂ ಈ ಅಕ್ಟೋಬರಿನಲ್ಲಿ ಮಾತ್ರ. ಇನ್ನೊಂದು ಸಲ ಬರಬೇಕಾದರೆ ಮತ್ತೆ ಹದಿನಾಲ್ಕು ವರ್ಷ ಕಾಯಬೇಕು. ಅಷ್ಟರಲ್ಲಿ ಅವಳಿಗೆ ಎಂಬತ್ತಮೂರು.

ತೀರಿಹೋದ ಗಂಡ ಗಾನಿಶ್ ಬೇಸಿಗೆಯಿಡೀ ಕುರಿ ಮೇಯಿಸುತ್ತಿದ್ದುದು ಆ ಕಣಿವೆಯಲ್ಲೇ. ಅಲ್ಲಿನ ಬಿಳಿತೊಗಟೆಯ ಮರಗಳ ಮೇಲೆ ಅವನು ಚಾಕುವಿನಲ್ಲಿ ಕೊರೆದ ಹೆಸರು ಈಗ ಮರದ ಜೊತೆಗೇ ಉಬ್ಬಿ, ಅಗಲವಾಗಿ, ಕಪ್ಪಾಗಿ ನಿಂತಿತ್ತು. ಅವನ ಕೋವಿ ಅಡುಗೆಮನೆಯ ಬಾಗಿಲ ಮೇಲಿತ್ತು. ಕುದುರೆಯ ಮೇಲೆ ಹೊತ್ತು ತಿರುಗಲು ಹಗುರವಾಗಲಿ ಎಂದು ತೆಳ್ಳನೆಯ ನಳಿಗೆ ಹಾಕಿಸಿದ್ದ ಕೋವಿ ಅದು.

ಭಾನುವಾರ ಮೈದುನ ಬೆಟ್ಟಿರಿ ಊಟಕ್ಕೆ ಬಂದ. ಕೆಂಪು ಹುರುಳಿ, ಖಾರದ ಸಾಸೇಜು ಬೇಯುತ್ತಿದ್ದವು. ಕಟ್ಟಾಲಿನ್ ಕಬ್ಬಿಣದ ಪಾತ್ರೆಯಿಂದ ರೊಟ್ಟಿ ತೆಗೆದು, ಕುರಿಗಾಹಿಗಳ ಪದ್ಧತಿಯಂತೆ ಮೊದಲ ಹೋಳನ್ನು ನಾಯಿಗೆ ಹಾಕಿ, ಎರಡನೆಯದನ್ನು ಮೈದುನನ ತಟ್ಟೆಗೆ ಇಟ್ಟಳು.

"ಎಪ್ಪತ್ತು ಹತ್ರ ಬಂತು, ಈ ಮನೇಲಿ ನಾನಿನ್ನೂ ನಾಯಿ ಆದ್ಮೇಲೇನೇ," ಎಂದ ಬೆಟ್ಟಿರಿ.

"ನಾಯಿ ಕೆಲಸ ಮಾಡುತ್ತೆ."

ಅವನು ನಕ್ಕ. ಆಮೇಲೆ ಬಾಗಿಲ ಮೇಲಿನ ಕೋವಿಯ ಕಡೆ ಗದ್ದ ಎತ್ತಿ ತೋರಿಸಿದ. "ಅತ್ತಿಗೆ, ಅದು ಅಣ್ಣನ ಜೊತೇಲೇ ಹೋಯ್ತು ಅನ್ಕೊಳ್ಳಿ. ಮದ್ದೇ ಸಿಗಲ್ಲ ಅಂದ್ಮೇಲೆ ಇನ್ನೇನಿದೆ? ನನ್ನದು ತಗೊಂಡು ಹೋಗಿ. ಅಂಗಡಿ ತೋಟೆ, ತಲೆನೋವಿಲ್ಲ."

"ನಿನ್ನ ಕೋವಿ ನನ್ನ ತೋಳಿಗೆ ಉದ್ದ."

"ಸರಿ, ಹೊಸ ಮದ್ದೇ ತನ್ನಿ. ಅಣ್ಣನ ಮದ್ದಿನ ಲೆಕ್ಕದ ಪುಸ್ತಕದಲ್ಲಿರೋ ಅಂಕಿ ಹಾಕಿ, ಮುಗೀತು."

"ಅದು ಹಳೇ ಮದ್ದಿನ ಅಂಕಿ ಕಣೋ. ಹೊಸದನ್ನೂ ಅಷ್ಟೇ ಸುರಿದ್ರೆ ಕೋವಿ ಸಿಡಿದು ಬೋಲ್ಟು ಬಂದು ನನ್ನ ಕೆನ್ನೇಲಿ ಕೂರುತ್ತೆ." ಅವಳು ಸಾರು ಬಡಿಸುತ್ತಲೇ ಇದ್ದಳು. "ಅಲ್ಲಾ, ಅದು ಅಣ್ಣನ ಪುಸ್ತಕ ಅಂತ ನಿಂಗ್ಯಾರು ಹೇಳಿದ್ದು? ತನ್ನ ಹೆಸರು ಬಿಟ್ರೆ ಒಂದಕ್ಷರ ಬರೀಲಿಕ್ಕೆ ಬರ್ತಿತ್ತಾ ನಿಮ್ಮಣ್ಣನಿಗೆ?"

ಬೆಟ್ಟಿರಿ ಚಮಚ ಹಿಡಿದುಕೊಂಡೇ ಕೂತ. ಊರಿನವರೆಲ್ಲ ಇಷ್ಟು ವರ್ಷ 'ಗಾನಿಶನ ತೋಟೆ' ಎಂದು ಹೊಗಳಿದ್ದು ಯಾರ ಕೈಯನ್ನು ಎಂಬುದು ಅವನಿಗೂ ಹೊಳೆದಿರಲಿಲ್ಲ. ಆದರೆ ಸೋಲುವ ಜಾತಿಯಲ್ಲ ಅವನು. ಎದುರಿಗಿದ್ದ ಸಾಸರನ್ನು ಎತ್ತಿ ಹಿಡಿದ.

"ಸೆಪ್ಟೆಂಬರ್ ಕೊನೇ ಭಾನುವಾರ. ಇನ್ನೂರು ಗಜ. ಮೂರು ಗುಂಡು ಈ ಸಾಸರಿನಗಲದೊಳಗೆ ಬಿದ್ರೆ ಬೇಟೆಗೆ ನನ್ನ ನಾಲ್ಕೂ ಹೇಸರಗತ್ತೆ ನಿಮ್ಮವೇ. ಬೀಳಲಿಲ್ವೋ, ಚೀಟಿನ ಗೋಡೆಗೆ ಅಂಟಿಸ್ಕೊಳ್ಳಿ. ಗಾಯ ಮಾಡಿ ಬಿಟ್ಟ ಪ್ರಾಣಿ ಹಿಂದೆ ಮೂರು ದಿನ ಅಲೆಯೋಕೆ ನನ್ನ ಕೈಲಾಗಲ್ಲ."

ಆ ಕೊನೆಯ ಮಾತು ನ್ಯಾಯವಾದದ್ದೇ ಎಂದು ಅವಳಿಗೂ ಗೊತ್ತಿತ್ತು. ಹೇಸರಗತ್ತೆಗಳಿಲ್ಲದೆ ಕಪ್ಪುಹಳ್ಳ ಹತ್ತುವುದಾಗಲಿ, ಕುದುರೆಯಷ್ಟು ತೂಕದ ಎಲ್ಕಿನ ಮಾಂಸ ಇಳಿಸುವುದಾಗಲಿ ಆಗದ ಮಾತು.

"ಸಾಸರ್ ತೊಳೆದಿಟ್ಟಿರ್ತೀನಿ," ಎಂದಳು.

ಮಾರನೆಯ ದಿನವೇ ಹೊಸ ಮದ್ದು ತಂದಳು. ಕಾಳು ಸಣ್ಣದು, ಬಣ್ಣ ಬೂದಿ. ಡಬ್ಬಿ ಮಾಡಿದವರು ಅಚ್ಚು ಹಾಕಿಸಿದ್ದ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಮೂರು ಸಲ ಓದಿ, ಅದರಲ್ಲಿ ಹೇಳಿದ ಅತಿ ಕಡಿಮೆ ತೂಕದಿಂದ ಶುರು ಮಾಡಿದಳು. ಗಾಳಿಗೆ ತಕ್ಕಡಿಯ ಮುಳ್ಳು ಅಲುಗಾಡುತ್ತದೆಂದು ಜುಲೈ ಸೆಖೆಯಲ್ಲೂ ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿದಳು. ಒಂದೊಂದು ಹಿತ್ತಾಳೆ ಕೊಳವೆಯನ್ನೂ ಒರೆಸಿ, ಬಾಯಿ ಸವರಿ, ತಳಕ್ಕೆ ಕಿಡಿ ಹೊತ್ತಿಸುವ ಕ್ಯಾಪು ಒತ್ತಿ, ಮದ್ದು ಸುರಿದು, ಮೇಲೆ ಗುಂಡು ಕೂರಿಸಿದಳು. ತೂಗುವಾಗ ಯಾರಾದರೂ ಮಾತಾಡಿಸಿದರೆ ತಟ್ಟೆಯಲ್ಲಿದ್ದ ಮದ್ದನ್ನು ಡಬ್ಬಿಗೆ ವಾಪಸು ಹಾಕಿ ಮತ್ತೆ ಮೊದಲಿಂದ ತೂಗುತ್ತಿದ್ದಳು.

ಗುರಿ ಮೈದಾನ ಊರಾಚೆ, ಕುರುಚಲು ಗಿಡಗಳ ಬಯಲಿನಲ್ಲಿತ್ತು. ಅದನ್ನು ನೋಡಿಕೊಳ್ಳುವವನು ಓರಿನ್, ಒಂದು ಕಾಲು ಎಳೆಯುವ ಮಾಜಿ ಸಿಪಾಯಿ. ಕಟ್ಟಾಲಿನ್ ಪ್ರತಿ ಗುಂಡಿಗೂ ಎದ್ದು, ನೂರು ಗಜ ನಡೆದು ಹೋಗಿ, ಕಾಗದದ ತೂತಿನ ಪಕ್ಕ ಪೆನ್ಸಿಲಿನಲ್ಲಿ ಒಂದು, ಎರಡು, ಮೂರು ಎಂದು ಬರೆದು ಬರುತ್ತಿದ್ದಳು.

"ದುರ್ಬೀನು ಕೊಡ್ಲಾ ಅಮ್ಮ? ಇಲ್ಲಾ, ಕುರಿ ಹುಡುಕ್ತಿದೀರಾ?" ಎಂದು ಬೆಂಚಿನ ಮೇಲಿದ್ದ ಒಬ್ಬ ಕೂಗಿದ.

"ಹುಡುಕ್ತಿದ್ದೆ. ಬೆಂಚಿನ ಮೇಲೇ ಕೂತಿದೆಯಲ್ಲ!" ಎಂದಳು. ಓರಿನ್ ಹೊಟ್ಟೆ ಹಿಡಿದುಕೊಂಡು ನಕ್ಕ.

ವಾರಕ್ಕೊಂದು ಮೆಟ್ಟಿಲಿನಂತೆ ಮದ್ದು ಏರಿಸಿದಳು. ಹಾರಿಸಿದ ಪ್ರತಿ ಕೊಳವೆಯ ತಳವನ್ನೂ ಬೆಳಕಿಗೆ ಹಿಡಿದು, ಒತ್ತಡ ಹೆಚ್ಚಾಗಿ ಕ್ಯಾಪು ಚಪ್ಪಟೆಯಾಗಿದೆಯೇ ನೋಡಿದಳು. ಒಂದು ದಿನ ಬೋಲ್ಟು ಎತ್ತುವಾಗ ಕೊಂಚ ಬಿಗಿ ಹಿಡಿದಂತಾಯಿತು, ಮದ್ದು ಹೆಚ್ಚಾದ ಗುರುತು. ಮಿಕ್ಕ ತೋಟೆಗಳನ್ನು ಮನೆಗೆ ತಂದು ಬಿಚ್ಚಿ, ಎರಡು ಮೆಟ್ಟಿಲು ಕೆಳಗಿಳಿದಳು. ಅಲ್ಲಿ ಕೋವಿ ಹಿತವಾಗಿ ಒದೆಯಿತು. ಆದರೂ ಮೂರನೆಯ ಗುಂಡು ಪ್ರತಿ ಸಲ ಬಲಕ್ಕೆ, ಮೇಲಕ್ಕೆ ಹಾರಿಹೋಗುತ್ತಿತ್ತು.

"ನಳಿಗೆ ಸವೆದಿದೆ," ಎಂದರು ಒಬ್ಬರು. "ಅಜ್ಜಿ ಕಣ್ಣು ಮುಚ್ಚಿ ಕೋವಿ ಕುದುರೆ ಎಳೀತಾಳೆ," ಎಂದರು ಇನ್ನೊಬ್ಬರು, ಅವಳಿಗೆ ಕೇಳಿಸಲಿ ಎಂದೇ.

ಆಗಸ್ಟ್ ಮುಗಿಯುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಅವಳು ಅದೇ ತೂಕದ ಐದು ದಿನದ ಐದು ಕಾಗದಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿ ಅಡುಗೆಮನೆಯ ಕಿಟಕಿ ಗಾಜಿಗೆ ಒತ್ತಿ ಹಿಡಿದಳು. ಹದಿನೈದು ತೂತುಗಳು. ಎರಡನೆಯವು ಚದುರಿದ್ದವು. ಮೂರನೆಯವು ಎಲ್ಲೋ ದೂರ ಹೋಗಿದ್ದವು. ಒಂದೇ ಒಂದು ಕಡೆ, ಐದೂ ಹಾಳೆಗಳನ್ನು ದಾಟಿ, ಉಗುರಿನ ತುದಿಯಷ್ಟು ಬಿಸಿಲು ಒಳಗೆ ಬಂದು ಅವಳ ಕೆನ್ನೆಯ ಮೇಲೆ ಬಿತ್ತು. ಆ ತೂತಿನ ಪಕ್ಕ ಐದೂ ಹಾಳೆಗಳ ಮೇಲೆ ಅವಳು ಬರೆದಿದ್ದ ಅಂಕಿ ಒಂದು.

ಕೋವಿಯಲ್ಲಿ ತಪ್ಪಿಲ್ಲ, ಕಣ್ಣಿನಲ್ಲೂ ಇಲ್ಲ. ತೆಳ್ಳನೆಯ ನಳಿಗೆ ಒಂದು ಗುಂಡಿಗೇ ಕಾದು, ಅವಳು ಕಾಗದದವರೆಗೆ ನಡೆದು ಬರುವಷ್ಟರಲ್ಲಿ ಆರದೆ, ಕೊಂಚ ಬಾಗುತ್ತದೆ, ಅಷ್ಟೇ. ತಣ್ಣಗಿರುವಾಗ ಅದು ಹೇಳಿದ ಮಾತು ಕೇಳುತ್ತದೆ.

ಮುಂದಿನ ದಿನದಿಂದ ಕಟ್ಟಾಲಿನ್ ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಹೋಗಿ, ಇನ್ನೂರು ಗಜಕ್ಕೆ ಒಂದೇ ಗುಂಡು ಹಾರಿಸಿ, ಕಾಗದ ಸುತ್ತಿಕೊಂಡು ಮನೆಗೆ ಬರತೊಡಗಿದಳು. ದಿನವೂ ಅದೇ ಕಾಗದ. ನಳಿಗೆಗೆ ಎಣ್ಣೆ ಬಟ್ಟೆ ತೋರಿಸಲೇ ಇಲ್ಲ. ಮಂಜು ಬಿದ್ದ ಬೆಳಿಗ್ಗೆಯೂ ಹೋದಳು, ಗಾಳಿ ಬೀಸಿದ ಬೆಳಿಗ್ಗೆಯೂ ಹೋದಳು. ಒಂದು ಗುಂಡಿಗಾಗಿ ಹನ್ನೆರಡು ಮೈಲಿ ಬರುವ ಮುದುಕಿ ಎಂದು ಊರು ನಕ್ಕಿತು. ನಗಲಿ ಎಂದು ಬಿಟ್ಟಳು.

ಸೆಪ್ಟೆಂಬರಿನ ಕೊನೆಯ ಭಾನುವಾರ ಬೆಟ್ಟಿರಿ ತನ್ನ ಕೋವಿಯನ್ನೂ ಹೊತ್ತು ಬಂದ. ಶನಿವಾರ ಶನಿವಾರ ಅದಕ್ಕೆ ಎಣ್ಣೆಸ್ನಾನ ಮಾಡಿಸುವವನು. ನಳಿಗೆಯೊಳಗೆ ಮುಖ ನೋಡಿಕೊಳ್ಳಬಹುದಿತ್ತು. ಬೆಂಚುಗಳ ಸುತ್ತ ಜನ ಸೇರಿದ್ದರು. ಕಟ್ಟಾಲಿನ್ ಕಾಗದ ಬಿಡಿಸಿ, ತೊಳೆದ ಸಾಸರನ್ನು ಅದರ ಮೇಲೆ ಕವುಚಿದಳು. ಒಂದು ತೂತೂ ಹೊರಗೆ ಕಾಣಲಿಲ್ಲ. ಸಾಸರ್ ಎತ್ತಿದಳು. ಇಪ್ಪತ್ತೆಂಟು ತೂತು.

"ಇದು ನನ್ನ ಕಣ್ಣೆದುರು ಹೊಡೆದಿದ್ದಲ್ಲ," ಎಂದ ಬೆಟ್ಟಿರಿ.

"ನನ್ನ ಕಣ್ಣೆದುರು ಹೊಡೆದಿದ್ದು. ದಿನಾ ಆರಕ್ಕೆ ನನ್ನ ನಿದ್ದೆ ಕೆಡಿಸಿ," ಎಂದ ಓರಿನ್.

ಹೊಸ ಕಾಗದ ಕಟ್ಟಿಸಿದರು. ಕಟ್ಟಾಲಿನ್ ಒರಗಿ, ಉಸಿರು ಬಿಟ್ಟು, ಕುದುರೆ ಎಳೆದಳು. ಓರಿನ್ ದುರ್ಬೀನಿನಲ್ಲಿ ನೋಡಿ, "ನಡುವಿಗಿಂತ ಎರಡೇ ಬೆರಳು ಕೆಳಗೆ," ಎಂದ. ಅವಳು ಬೋಲ್ಟು ತೆಗೆದು ಪಕ್ಕಕ್ಕಿಟ್ಟು, ಕಾಫಿಯ ಫ್ಲಾಸ್ಕ್ ಬಿಚ್ಚಿದಳು.

"ಇನ್ನೆರಡು?" ಎಂದ ಬೆಟ್ಟಿರಿ.

"ನಾಳೆ ಒಂದು. ನಾಳಿದ್ದು ಒಂದು."

"ಏನತ್ತಿಗೆ ಇದು! ಮೂರು ಗುಂಡು ಅಂತ ಮಾತಾಗಿತ್ತು."

"ಮಾತು ಆಡಿದ್ದು ನೀನು. ನಾನು ಸಾಸರ್ ತೊಳೀತೀನಿ ಅಂದೆ, ತೊಳೆದಿದೀನಿ." ಅವಳು ಲೋಟಕ್ಕೆ ಕಾಫಿ ಬಗ್ಗಿಸಿದಳು. "ಮೂರು ಗುಂಡಿನ ತನಕ ನಿಂತ್ಕೊಂಡಿರೋ ಎಲ್ಕು ನಿನ್ನ ಕೊಟ್ಟಿಗೇಲಿ ಕಟ್ಟಿದ್ರೆ ಹೇಳು, ಈಗ್ಲೇ ಹೊಡೀತೀನಿ. ಬೆಟ್ಟದಲ್ಲಿರೋದು ಮೊದಲನೇದಕ್ಕೆ ಮಾತ್ರ ನಿಲ್ಲುತ್ತೆ. ನಾನು ದುಡಿದಿರೋದೂ ಮೊದಲನೇದಕ್ಕೇ."

ಕಟ್ಟಾಲಿನ್ ಮೈದುನನ ಕೋವಿಯ ಕಡೆ ನೋಡಿದಳು. "ನಿನ್ನದೂ ತಂದಿದೀಯಲ್ಲ. ನೀನೂ ಒಂದು ಹೊಡಿ. ಒಂದೇ."

ಬೆಟ್ಟಿರಿ ಕೂತ. ಚೆನ್ನಾಗಿಯೇ ಗುರಿ ಹಿಡಿದ, ಚೆನ್ನಾಗಿಯೇ ಎಳೆದ. ಓರಿನ್ ದುರ್ಬೀನಿನ ಗಾಜು ಒರೆಸಿ ಮತ್ತೊಮ್ಮೆ ನೋಡಿದ.

"ಹೇಳೋ!"

"ಕಾಗದದಲ್ಲಿದೆ. ಸಾಸರಿನಲ್ಲಿಲ್ಲ. ಎಡಕ್ಕೆ ಒಂದು ಗೇಣು."

"ಅದು ಎಣ್ಣೆ ಗುಂಡು!" ಬೆಟ್ಟಿರಿ ಎದ್ದು ನಿಂತ. "ಎಣ್ಣೆ ಬಳಿದ ನಳಿಗೇಲಿ ಮೊದಲನೇದು ಯಾವಾಗ್ಲೂ ಹಂಗೇ ಹೋಗುತ್ತೆ. ಅದು ಲೆಕ್ಕಕ್ಕಿಲ್ಲ, ಎಲ್ಲರಿಗೂ ಗೊತ್ತು!"

"ಎಲ್ಕಿಗೂ ಗೊತ್ತಿದೆಯಾ ಕೇಳ್ಕೊಂಡು ಬಾ," ಎಂದಳು ಕಟ್ಟಾಲಿನ್.

ಮೊದಲು ನಕ್ಕವನು, ಹಿಂದೊಮ್ಮೆ ಕುರಿ ಹುಡುಕುತ್ತೀರಾ ಎಂದು ಕೂಗಿದ್ದವನೇ. ಬೆಟ್ಟಿರಿಯ ಕಿವಿ ಕೆಂಪಾಯಿತು. ಕೋವಿಯನ್ನು ಚೀಲಕ್ಕೆ ತುರುಕಿ, ಹೇಳದೆ ಹೊರಟುಹೋದ.

ಸೋಮವಾರ ಬೆಳಿಗ್ಗೆ ಆರಕ್ಕೆ ಅವನ ಗಾಡಿ ಮೈದಾನದ ಬೇಲಿಯ ಹೊರಗೆ ನಿಂತಿತ್ತು. ಇಳಿಯಲಿಲ್ಲ. ಅವಳ ಒಂದು ಗುಂಡು ಕೇಳಿ ಹೋದ. ಮಂಗಳವಾರ ಇಳಿದು ಬಂದು, ಕಾಗದದವರೆಗೆ ತಾನೇ ನಡೆದು ನೋಡಿದ. ಮೂರು ದಿನದ ಮೂರು ತೂತಿನ ಮೇಲೆ ಅಂಗೈ ಇಟ್ಟ. ಮೂರೂ ಮುಚ್ಚಿಹೋದವು.

"ಹೇಸರಗತ್ತೆಗೆ ಲಾಳ ಕಟ್ಟಿಸ್ಬೇಕು. ಗುರುವಾರ ಆಗುತ್ತೆ," ಎಂದ. ಕಾಗದ ಬಿಚ್ಚಿ ಅವಳ ಕೈಗೆ ಕೊಡುತ್ತಾ, "ಅತ್ತಿಗೆ, ಆ ಮದ್ದು, ಆ ತೂಕ... ನನ್ನ ಕೋವಿಗೂ ಹತ್ತು ತೋಟೆ ಮಾಡ್ಕೊಡ್ತೀರಾ?"

"ಇಲ್ಲ."

"ಇನ್ನೂ ಸಿಟ್ಟಾ?"

"ಸಿಟ್ಟಲ್ಲ ಕಣೋ. ಇದು ಈ ಕೋವಿ ತೂಕ, ನಿಂದಕ್ಕೆ ಹಾಕಬಾರದು. ನಿಂದಕ್ಕೆ ನೀನೇ ಕೆಳಗಿಂದ ಹತ್ತಿಕೊಂಡು ಬಾ. ತಕ್ಕಡಿ ಕೊಡ್ತೀನಿ. ಫ್ಯಾನ್ ನಿಲ್ಸಬೇಕು, ಬಾಯಿನೂ ನಿಲ್ಸಬೇಕು. ನಿಂಗೆ ಎರಡನೇದು ಕಷ್ಟ."

ಅಕ್ಟೋಬರಿನ ಎರಡನೆಯ ವಾರ ಕಪ್ಪುಹಳ್ಳದಲ್ಲಿ ಮೊಣಕಾಲುದ್ದ ಹಿಮ ಬಿದ್ದಿತ್ತು. ಮುಂಜಾನೆಯ ಚಳಿಗೆ ಕೋವಿಯ ಕಬ್ಬಿಣ ಬೆರಳಿಗೆ ಅಂಟುತ್ತಿತ್ತು. ಗಾನಿಶನ ಹೆಸರಿದ್ದ ಮರದ ಬುಡಕ್ಕೆ ಕಟ್ಟಾಲಿನ್ ಬೆನ್ನು ಕೊಟ್ಟು ಕೂತಿದ್ದಳು. ಕೆಳಗೆ, ಹಳ್ಳದ ತಿರುವಿನಲ್ಲಿ, ಬೆಟ್ಟಿರಿ ಹೇಸರಗತ್ತೆಗಳ ಹಗ್ಗ ಹಿಡಿದು ಮರೆಯಲ್ಲಿ ನಿಂತಿದ್ದ. ಎದುರಿನ ಇಳಿಜಾರಿನಲ್ಲಿ ಎಲ್ಕ್ ಹೊರಗೆ ಬಂದು, ಉಸಿರಿನ ಹೊಗೆ ಬಿಟ್ಟು, ತಲೆಯೆತ್ತಿತು. ಅವಳು ಅವಸರ ಮಾಡಲಿಲ್ಲ. ಅದು ಮಗ್ಗುಲು ತಿರುಗುವವರೆಗೆ ಕಾದಳು.

ಒಂದು ಸದ್ದು ಕಣಿವೆಯನ್ನು ಒಮ್ಮೆ ಸುತ್ತಿ ಹೋಯಿತು. ಆಮೇಲೆ ಹಿಮದ ಮೌನ.

ಎರಡನೆಯ ಸದ್ದಿಗೆ ಬೆಟ್ಟಿರಿ ಕಾಯುತ್ತಾನೇನೋ ಎಂದು ಅವಳು ಕೆಳಗೆ ನೋಡಿದಳು. ಅವನು ಕಾದಿರಲಿಲ್ಲ. ನಾಲ್ಕೂ ಹೇಸರಗತ್ತೆಗಳನ್ನು ಎಳೆದುಕೊಂಡು ಆಗಲೇ ಇಳಿಜಾರು ಹತ್ತುತ್ತಿದ್ದ, ಮಾಂಸ ತುಂಬುವ ಖಾಲಿ ಚೀಲಗಳ ಹಗ್ಗ ಸಡಿಲಿಸುತ್ತಾ.